ಇನ್ನೊಂದು ಸಲ ಬರೆಯಲೇ, ಸಾಕು ಮಾಡಲೇ?

ಮೂರು ವರ್ಷದಿಂದ ಕೆಎಎಸ್‌ಗೆ (ರಾಜ್ಯ ಆಡಳಿತ ಸೇವೆ), ನಡುನಡುವೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಎಸ್‌ಐ ಹುದ್ದೆಗಳ ಪರೀಕ್ಷೆಗೆ ಓದುತ್ತಿರುವವರು ವೃತ್ತಿ ಸಮಾಲೋಚನೆಗೆ ಬಂದಾಗ ಕೇಳುವುದು ಬಹುತೇಕ ಈ ಪ್ರಶ್ನೆಯನ್ನೇ. ಆ ಹೊತ್ತಿಗೆ ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ ಆಗಿರುತ್ತದೆ. ಮನೆಯಲ್ಲಿ ಮದುವೆಯ ಮಾತು ಶುರುವಾಗಿರುತ್ತದೆ. ಹಬ್ಬಕ್ಕೆ ಊರಿಗೆ ಹೋದರೆ ‘ಇನ್ನೂ ಓದಾಕತ್ತೀಯೇನು?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಛಲ, ನಂಬಿಕೆ, ಹಣೆಬರಹ ಎಂಬ ಮಾತುಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಹಳೆಯ ಒಎಂಆರ್ (ಉತ್ತರ ಗುರುತು ಹಾಕುವ ಹಾಳೆ) ಕಾರ್ಬನ್ ಪ್ರತಿಗಳಲ್ಲಿ, ತಿಂಗಳ ಖರ್ಚಿನ ಲೆಕ್ಕದಲ್ಲಿ ಉತ್ತರದ ದೊಡ್ಡ ಪಾಲು ಆಗಲೇ ಇದೆ. ಅದನ್ನು ತೆಗೆದು ಓದುವ ಕ್ರಮ ಗೊತ್ತಿರಬೇಕು, ಅಷ್ಟೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು: ಪರೀಕ್ಷೆಯ ವೇಳಾಪಟ್ಟಿ ನಿಮ್ಮ ಕೈಯಲ್ಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ ಅದು ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. 384 ಹುದ್ದೆಗಳ ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟ್ 27ರಂದು ಮುಗಿದರೂ, ಕನ್ನಡ ಅನುವಾದದ ತಪ್ಪುಗಳ ಕಾರಣಕ್ಕೆ ಡಿಸೆಂಬರ್ 29ರಂದು ಮತ್ತೆ ಬರೆಯಬೇಕಾಯಿತು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು; ಅದಕ್ಕೆಂದು ನೇಮಿಸಿದ ಆಯೋಗದ ವರದಿ ಸರ್ಕಾರದ ಕೈ ಸೇರಿದ್ದು 2025ರ ಆಗಸ್ಟ್‌ನಲ್ಲಿ. ಯುಪಿಎಸ್‌ಸಿಯಲ್ಲಾದರೆ ಸಾಮಾನ್ಯ ವರ್ಗದವರಿಗೆ 32 ವರ್ಷ, ಆರು ಅವಕಾಶ ಎಂಬ ಗೆರೆ ಇದೆ. ಪರೀಕ್ಷೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ರಾಜ್ಯದ ಪರೀಕ್ಷೆಗಳಲ್ಲಿ ಎರಡು ಅಧಿಸೂಚನೆಗಳ ನಡುವೆ ಎಷ್ಟು ವರ್ಷ ಹೋಗುತ್ತದೆ ಎಂದು ಯಾರೂ ಹೇಳಲಾರರು. ಹಾಗಾಗಿ ‘ಇನ್ನೊಂದು ನೋಟಿಫಿಕೇಷನ್ ನೋಡಿ ನಿರ್ಧಾರ ಮಾಡ್ತೀನಿ’ ಎನ್ನುವವರಿಗೆ ಆ ‘ಇನ್ನೊಂದು’ ಎಂದರೆ ಆರು ತಿಂಗಳೂ ಆಗಬಹುದು, ಮೂರು ವರ್ಷವೂ ಆಗಬಹುದು. ನಿಲ್ಲಿಸುವ ಗಡುವನ್ನು ಅಟೆಂಪ್ಟಿನ ಲೆಕ್ಕದಲ್ಲಿ ಇಡಬೇಡಿ, ತಾರೀಖಿನ ಲೆಕ್ಕದಲ್ಲಿ ಇಡಿ.

ಒಂದು ಹಾಳೆ, ನಾಲ್ಕು ಸಾಲು

ಓದು ಶುರು ಮಾಡುವ ದಿನವೇ ಬರೆಯಬೇಕಾದ ಹಾಳೆ ಇದು. ಶುರುವಾಗಿ ಎರಡು ವರ್ಷ ಆಗಿದ್ದರೆ ಇವತ್ತು ಬರೆಯಿರಿ. ಮೊದಲ ಸಾಲು: ಪೂರ್ಣಾವಧಿ ಓದು ಯಾವ ತಾರೀಖಿಗೆ ನಿಲ್ಲುತ್ತದೆ. ಎರಡನೆಯದು: ಅಲ್ಲಿಯವರೆಗೆ ಮನೆಯಿಂದ ಒಟ್ಟು ಎಷ್ಟು ದುಡ್ಡು. ಮೂರನೆಯದು: ಆ ತಾರೀಖಿನೊಳಗೆ ಯಾವ ಫಲಿತಾಂಶ ಬಂದರೆ ಮುಂದುವರಿಸುತ್ತೀರಿ. ನಾಲ್ಕನೆಯದು: ನಿಂತ ಮರುದಿನ ಏನು ಮಾಡುತ್ತೀರಿ.

ಮೂರನೆಯ ಸಾಲಿನಲ್ಲಿ ಎಲ್ಲರೂ ಎಡವುತ್ತಾರೆ. ‘ಚೆನ್ನಾಗಿ ಮಾಡಿದರೆ’ ಎಂದು ಬರೆಯುತ್ತಾರೆ. ಅದನ್ನು ಅಳೆಯಲಾಗದು. ‘ನನ್ನ ವರ್ಗದ ಕಟ್‌ಆಫ್‌ನಿಂದ (ಆಯ್ಕೆಯಾದವರ ಕನಿಷ್ಠ ಅಂಕ) ಶೇ 5ರ ಅಂತರದೊಳಗೆ ಬಂದರೆ’ ಎಂದು ಬರೆದರೆ ಅಳೆಯಬಹುದು. ನಾಲ್ಕನೆಯ ಸಾಲನ್ನು ಖಾಲಿ ಬಿಡುವವರೂ ಬಹಳ. ಅದು ಖಾಲಿ ಇದ್ದರೆ ಮೊದಲ ಸಾಲಿಗೆ ಬೆಲೆಯಿಲ್ಲ, ಯಾಕೆಂದರೆ ಹೋಗಲು ಜಾಗವಿಲ್ಲದ ಮನುಷ್ಯ ಇದ್ದಲ್ಲೇ ಇರುತ್ತಾನೆ. ಹಾಳೆಯ ಒಂದು ಪ್ರತಿ ಮನೆಯವರ ಹತ್ತಿರ ಇರಲಿ.

ದುಡ್ಡಿನ ಲೆಕ್ಕ ಹೀಗೆ ಮಾಡಿ. ಉದಾಹರಣೆಗೆ ಊಟ ಸೇರಿ ಪಿಜಿಗೆ 6,500 ರೂಪಾಯಿ, ರೀಡಿಂಗ್ ರೂಮಿಗೆ 800, ಪುಸ್ತಕ, ಜೆರಾಕ್ಸ್, ಟೆಸ್ಟ್ ಸೀರೀಸ್‌ಗೆ 700, ಅರ್ಜಿ ಶುಲ್ಕ, ಪರೀಕ್ಷೆಗೆ ಓಡಾಟ, ಮೊಬೈಲಿಗೆ 1,000 ಎಂದುಕೊಳ್ಳಿ. ತಿಂಗಳಿಗೆ 9,000, ವರ್ಷಕ್ಕೆ 1,08,000. ಅದರ ಜೊತೆಗೆ, ಈ ವರ್ಷ ಕೆಲಸಕ್ಕೆ ಹೋಗಿದ್ದರೆ ಸಿಗುತ್ತಿದ್ದ ಸಂಬಳವನ್ನೂ ಸೇರಿಸಬೇಕು. ತಿಂಗಳಿಗೆ 15,000 ಎಂದರೂ 1,80,000. ಒಂದು ವರ್ಷದ ಓದಿನ ನಿಜವಾದ ಬೆಲೆ 2,88,000 ರೂಪಾಯಿ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಸಿಗುವ ಹುದ್ದೆಗೆ ಇಷ್ಟು ಬೆಲೆ ಕೊಡಬಹುದು ಎಂದು ಮನೆಮಂದಿಯೆಲ್ಲ ತಿಳಿದು ಒಪ್ಪಿದರೆ ನೀವು ನೆಮ್ಮದಿಯಿಂದ ಓದಬಹುದು. ಯಾರೂ ಲೆಕ್ಕ ಹಾಕದೆ, ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಾಗ ತಿಳಿದರೆ, ಆಮೇಲೆ ಓದುವ ಪ್ರತಿ ಪುಟದಲ್ಲೂ ಅಪರಾಧಿ ಭಾವ ಕೂತಿರುತ್ತದೆ.

ಒಎಂಆರ್ ಪ್ರತಿ ಏನು ಹೇಳುತ್ತದೆ

ಪರೀಕ್ಷೆ ಮುಗಿದ ಮೇಲೆ ಕಾರ್ಬನ್ ಪ್ರತಿಯನ್ನು ಟ್ರಂಕಿನಲ್ಲಿಟ್ಟು, ಫಲಿತಾಂಶ ಬಂದಾಗ ಪಾಸೋ ಫೇಲೋ ಎಂದಷ್ಟೇ ನೋಡುವವರು ತಮ್ಮ ಅತ್ಯಂತ ಒಳ್ಳೆಯ ಪುರಾವೆಯನ್ನು ಕಳೆದುಕೊಳ್ಳುತ್ತಾರೆ. ಕೀ ಉತ್ತರ ಪ್ರಕಟವಾದ ಮೂರು ದಿನದೊಳಗೆ, ಪ್ರಶ್ನೆಪತ್ರಿಕೆಯ ನೆನಪು ಹಸಿಯಾಗಿರುವಾಗಲೇ, ತಪ್ಪಾದ ಮತ್ತು ಬಿಟ್ಟ ಪ್ರತಿ ಪ್ರಶ್ನೆಯ ಮುಂದೆ ಒಂದು ಅಕ್ಷರ ಬರೆಯಿರಿ. ‘ಗೊ’ ಎಂದರೆ ವಿಷಯವೇ ಗೊತ್ತಿರಲಿಲ್ಲ. ‘ಎ’ ಎಂದರೆ ಎರಡು ಆಯ್ಕೆಗಳ ನಡುವೆ ಸಿಕ್ಕಿಬಿದ್ದದ್ದು. ‘ಆ’ ಎಂದರೆ ಆತುರ, ತಪ್ಪು ಓದು, ಸಮಯ ಸಾಲದ್ದು.

ಎಣಿಸಿ ನೋಡಿ. ‘ಗೊ’ ಹೆಚ್ಚಿದ್ದರೆ ಓದಿನ ವ್ಯಾಪ್ತಿ ಸಾಲದು; ಇದು ಮೊದಲ ವರ್ಷದಲ್ಲಿ ಸಹಜ, ಮೂರನೇ ವರ್ಷದಲ್ಲಿ ಅಪಾಯದ ಸೂಚನೆ. ‘ಎ’ ಹೆಚ್ಚಿದ್ದರೆ ಓದಿದ್ದೀರಿ, ಪುನರಾವರ್ತನೆ ಸಾಲದು. ಹೊಸ ಪುಸ್ತಕ ಕೊಳ್ಳುವುದನ್ನು ನಿಲ್ಲಿಸಿ ಇದ್ದದ್ದನ್ನೇ ಮೂರನೇ ಸಲ ಓದಬೇಕು. ಇನ್ನೊಂದು ಪ್ರಯತ್ನ ಅತಿ ಹೆಚ್ಚು ಫಲ ಕೊಡುವುದು ಇಂಥವರಿಗೇ. ‘ಆ’ ಹೆಚ್ಚಿದ್ದರೆ ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಪೂರ್ಣ ಪತ್ರಿಕೆ ಬಿಡಿಸಿಲ್ಲ ಎಂದರ್ಥ. ವಾರಕ್ಕೆ ಎರಡರಂತೆ ಎಂಟು ವಾರ ಬಿಡಿಸಿದರೆ ಇದು ಸರಿಹೋಗುವ ದೋಷ.

ಊಹೆಯ ಲೆಕ್ಕವನ್ನೂ ಇಲ್ಲೇ ನೋಡಿಬಿಡಿ. ನಾಲ್ಕು ಆಯ್ಕೆ, ಸರಿಗೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ ಇರುವ ಪತ್ರಿಕೆಯಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೆ ಪ್ರಶ್ನೆಗೆ ಸರಾಸರಿ 0.06 ಅಂಕ, ಅಂದರೆ ಏನೂ ಇಲ್ಲ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿ ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿ 0.375. ‘ಎ’ ಗುಂಪಿನ ಪ್ರಶ್ನೆಗಳನ್ನು ಹೆದರಿ ಖಾಲಿ ಬಿಡುವವರು ಇಪ್ಪತ್ತು ಪ್ರಶ್ನೆಯಲ್ಲಿ ಏಳೆಂಟು ಅಂಕ ಕೈಬಿಡುತ್ತಾರೆ.

ಇನ್ನು ಕಟ್‌ಆಫ್‌ನಿಂದ ಎಷ್ಟು ದೂರ ಉಳಿದಿರಿ ಎಂಬುದು. ಪತ್ರಿಕೆಗಳ ಒಟ್ಟು ಅಂಕ ಬೇರೆಬೇರೆ ಇರುವುದರಿಂದ ಎಲ್ಲವನ್ನೂ ಶೇಕಡಾಕ್ಕೆ ತನ್ನಿ. ಹೋಲಿಕೆ ನಿಮ್ಮದೇ ವರ್ಗದ ಜೊತೆ ಇರಲಿ: 2ಎ, 3ಬಿ, ಗ್ರಾಮೀಣ, ಕನ್ನಡ ಮಾಧ್ಯಮ, 371ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ), ಹೀಗೆ ನಿಮಗೆ ಅನ್ವಯಿಸುವುದು. ಪದವಿ ಮಟ್ಟದ ಪರೀಕ್ಷೆಯನ್ನೂ ಪಿಯುಸಿ ಮಟ್ಟದ ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಯನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ. ಒಂದೇ ಮಟ್ಟದ ಮೂರು ಪರೀಕ್ಷೆಗಳಲ್ಲಿ ಅಂತರ 14, 9, 4 ಎಂದು ಇಳಿಯುತ್ತಿದ್ದರೆ ಮನೆಯವರು ಬೇಡವೆಂದರೂ ಇನ್ನೊಂದು ಸಲ ಬರೆಯಲು ಕಾರಣವಿದೆ. 5, 6, 5 ಎಂದು ನಿಂತಿದ್ದರೆ ವಿಧಾನ ಬದಲಿಸಿ ಒಂದೇ ಒಂದು ಸಲ ನೋಡಬಹುದು. 13, 15, 13 ಎಂದಿದ್ದರೆ ಪೂರ್ಣಾವಧಿ ಓದು ನಿಲ್ಲಿಸುವುದು ಸರಿ. ಈ ಕೊನೆಯ ಮಾತು ಹೇಳುವಾಗ ಎದುರು ಕೂತವರ ಮುಖ ನೋಡುವುದು ಕಷ್ಟ. ಆದರೂ ಇಪ್ಪತ್ತೇಳರಲ್ಲಿ ಹೇಳದೆ ಮೂವತ್ತನಾಲ್ಕರಲ್ಲಿ ಹೇಳುವುದು ಅನ್ಯಾಯ.

ಒಂದು ಅಪವಾದವಿದೆ. ಅಂಕ ಸಾಕಾಗಿದ್ದೂ ದಾಖಲೆಯಲ್ಲಿ ಸೋತವರು. ಜಾತಿ, ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳು ಅರ್ಜಿಯ ಕೊನೆಯ ದಿನಾಂಕದೊಳಗೆ, ನಿಗದಿತ ನಮೂನೆಯಲ್ಲಿ ಕೈಯಲ್ಲಿರಬೇಕು. ಪರಿಶೀಲನೆಯ ಹಿಂದಿನ ವಾರ ಬಿಇಒ ಕಚೇರಿಗೆ ಓಡಿ ತಂದ ಪತ್ರ ಕೆಲಸಕ್ಕೆ ಬರುವುದಿಲ್ಲ. ಅಧಿಸೂಚನೆ ಇಲ್ಲದ ತಿಂಗಳುಗಳಲ್ಲೇ ಇದನ್ನು ಮುಗಿಸಿ.

ವಾರಕ್ಕೆ ಆರು ಗಂಟೆ ಬೇರೆಯದಕ್ಕೆ

ಹಾಳೆಯ ನಾಲ್ಕನೆಯ ಸಾಲು, ಅಂದರೆ ನಿಂತ ಮರುದಿನದ ಕೆಲಸ, ಪರೀಕ್ಷೆಗೆ ಓದುತ್ತಿರುವಾಗಲೇ ಬೆಳೆಯಬೇಕು. ದಿನಕ್ಕೆ ಒಂದು ಗಂಟೆ, ಭಾನುವಾರ ಬಿಡುವು. ಇದರಿಂದ ಓದು ಕೆಡುತ್ತದೆ ಎಂಬ ಭಯ ಬೇಡ. ದಿನದ ಹತ್ತನೇ ಗಂಟೆಯಲ್ಲಿ ಯಾರ ತಲೆಗೂ ಸಂವಿಧಾನ ಹತ್ತುವುದಿಲ್ಲ.

ಯಾವುದನ್ನು ಕಲಿಯಬೇಕು? ಓದಿದ್ದಕ್ಕೆ ಹತ್ತಿರವಿರುವುದು, ಒಂದು ವರ್ಷದಲ್ಲಿ ಪ್ರಮಾಣಪತ್ರವೋ ತೋರಿಸಬಹುದಾದ ಕೆಲಸವೋ ಕೈಗೆ ಬರುವುದು. ಎಲ್ಲಕ್ಕಿಂತ ಕಡಿಮೆ ಜನ ಗಮನಿಸುವುದು ಟೈಪಿಂಗ್. ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರ ಹುದ್ದೆಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ದರ್ಜೆ ಕೇಳುತ್ತಾರೆ. ಶೀಘ್ರಲಿಪಿ ಸೇರಿದರೆ ಸ್ಟೆನೋಗ್ರಾಫರ್ ಹುದ್ದೆಗೂ ದಾರಿ. ಈ ಅರ್ಹತೆ ಇರುವವರು ಕಡಿಮೆ, ಹಾಗಾಗಿ ಸ್ಪರ್ಧೆಯೂ ಕಡಿಮೆ. ಬಿ.ಕಾಂ. ಆದವರಿಗೆ ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ಸ್ ಕೆಲಸ ಊರಲ್ಲೇ ಅನ್ನ ಕೊಡುತ್ತದೆ. ಗಣಿತ, ರೀಸನಿಂಗ್ ಚೆನ್ನಾಗಿದ್ದರೆ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಸಾಮಾನ್ಯ ವರ್ಗಕ್ಕೆ ಆಫೀಸ್ ಅಸಿಸ್ಟೆಂಟ್‌ಗೆ 28, ಆಫೀಸರ್ ಸ್ಕೇಲ್ ಒಂದಕ್ಕೆ 30 ವರ್ಷ ಮಿತಿ ಇರುವುದರಿಂದ ಇದನ್ನು ಕೊನೆಗೆ ಇಟ್ಟುಕೊಂಡರೆ ಬಾಗಿಲು ಮುಚ್ಚಿರುತ್ತದೆ. ರಾಜ್ಯಶಾಸ್ತ್ರ, ಸಂವಿಧಾನ ಇಷ್ಟಪಟ್ಟು ಓದಿದವರು ಮೂರು ವರ್ಷದ ಎಲ್‌ಎಲ್‌ಬಿ ಯೋಚಿಸಬೇಕು. ಅದಕ್ಕೆ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45 ಅಂಕ ಬೇಕು. ಸಂವಿಧಾನದ ಮೂರು ವರ್ಷದ ಓದು ಅಲ್ಲಿ ಒಂದಕ್ಷರವೂ ವ್ಯರ್ಥವಾಗದು.

ಕೋಚಿಂಗ್ ಸೆಂಟರಿನಲ್ಲೇ ಪಾಠ ಹೇಳುವುದನ್ನು ಹಲವರು ಸಹಜ ದಾರಿ ಎಂದುಕೊಳ್ಳುತ್ತಾರೆ. ಪಾಠ ಹೇಳುವುದು ನಿಜಕ್ಕೂ ಇಷ್ಟವಿದ್ದರೆ ಸರಿ. ಪರೀಕ್ಷೆಯ ಗಾಳಿಯಿಂದ ಹೊರಬರಲಾಗದೆ ಅಲ್ಲಿ ನಿಂತರೆ ಮಾತ್ರ, ಹತ್ತು ಸಾವಿರ ಸಂಬಳಕ್ಕೆ ಅದೇ ಕಾಯುವಿಕೆ ಮುಂದುವರಿಯುತ್ತದೆ.

ಯಾವುದೇ ಕೆಲಸ ಆರಿಸುವ ಮುಂಚೆ ಅದರ ಒಂದು ಇಡೀ ದಿನ ನೋಡಿ. ಲೆಕ್ಕಪತ್ರದ ಆಫೀಸಿನಲ್ಲಿ ತಿಂಗಳ ಇಪ್ಪತ್ತನೇ ತಾರೀಖಿನ ಹಿಂದುಮುಂದೆ ಹೋಗಿ ಕೂತುಕೊಳ್ಳಿ, ರಿಟರ್ನ್ಸಿನ ಒತ್ತಡ ಆಗ ಗೊತ್ತಾಗುತ್ತದೆ. ವಕೀಲರ ಜೊತೆ ಕೋರ್ಟಿನ ಕಾರಿಡಾರಿನಲ್ಲಿ ಮಧ್ಯಾಹ್ನದವರೆಗೆ ಕಾಯಿರಿ. ಇದೇ ಮಾತು ಸರ್ಕಾರಿ ಹುದ್ದೆಗೂ. ಪಿಡಿಒ ಆಗಬೇಕೆಂದು ನಾಲ್ಕು ವರ್ಷ ಓದಿದವರಲ್ಲಿ ಎಷ್ಟೋ ಮಂದಿ ಗ್ರಾಮ ಪಂಚಾಯಿತಿಯಲ್ಲಿ ಒಂದು ದಿನವೂ ಕೂತಿರುವುದಿಲ್ಲ. ಉದ್ಯೋಗ ಖಾತ್ರಿಯ ಬಿಲ್ಲು, ಕುಡಿಯುವ ನೀರಿನ ಜಗಳ, ಸದಸ್ಯರ ಒತ್ತಡ ನೋಡಿದ ಮೇಲೂ ‘ಇದು ನನ್ನ ಕೆಲಸ’ ಅನ್ನಿಸಿದರೆ ಆ ಓದಿಗೆ ಬೇರೆಯದೇ ಬಲ ಬರುತ್ತದೆ.

ಸಣ್ಣ ಹುದ್ದೆ ಸಿಕ್ಕರೆ

ಕೆಎಎಸ್ ಗುರಿ ಇರುವವರಿಗೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುದ್ದೆ ಸಿಕ್ಕರೆ ಸೇರಬೇಕೇ? ಸೇರಬೇಕು. ಇಲಾಖೆಯ ನಿರಾಕ್ಷೇಪಣಾ ಪತ್ರ ಪಡೆದು ಮುಂದಿನ ಪರೀಕ್ಷೆ ಬರೆಯಬಹುದು. ಸಂಬಳ ಬರುತ್ತಿರುವಾಗ ಬರೆಯುವ ಪರೀಕ್ಷೆಯಲ್ಲಿ ಕೈ ನಡುಗುವುದು ಕಡಿಮೆ. ಕಚೇರಿ ಹುದ್ದೆಯಲ್ಲಿ ಸಂಜೆ ಸಿಗುತ್ತದೆ. ಗ್ರಾಮ ಆಡಳಿತಾಧಿಕಾರಿಗೂ ಪೊಲೀಸ್ ಕಾನ್‌ಸ್ಟೆಬಲ್‌ಗೂ ಸಂಜೆ ಇಷ್ಟು ಸುಲಭವಾಗಿ ಸಿಗುವುದಿಲ್ಲ ಎಂಬುದನ್ನು ತಿಳಿದೇ ಸೇರಿ.

ನಿಲ್ಲಿಸಿದ ಮೇಲೆ

ಬಯೋಡೇಟಾದಲ್ಲಿ ಆ ವರ್ಷಗಳನ್ನು ಮುಚ್ಚಿಡಬೇಡಿ, ಸುಳ್ಳು ಅನುಭವ ತುಂಬಿಸಬೇಡಿ. ‘2022 ಜೂನ್‌ನಿಂದ 2025 ಮಾರ್ಚ್: ಸ್ಪರ್ಧಾತ್ಮಕ ಪರೀಕ್ಷೆಗಳ ಪೂರ್ಣಾವಧಿ ತಯಾರಿ, ಜೊತೆಗೆ ಕನ್ನಡ ಸೀನಿಯರ್ ಟೈಪಿಂಗ್’ ಎಂದು ಒಂದೇ ಸಾಲು ಸಾಕು. ಸಂದರ್ಶನದಲ್ಲಿ ‘ಮತ್ತೆ ನೋಟಿಫಿಕೇಷನ್ ಬಂದರೆ ಬಿಟ್ಟು ಹೋಗ್ತೀರಾ?’ ಎಂದು ಕೇಳಿಯೇ ಕೇಳುತ್ತಾರೆ. ಅವರ ಆತಂಕ ನ್ಯಾಯವಾದದ್ದು. ಪೂರ್ಣಾವಧಿ ಓದು ನಿಲ್ಲಿಸಿದ ತಾರೀಖನ್ನು ಹೇಳಿ. ತಾರೀಖು ಇರುವ ಉತ್ತರವನ್ನು ಜನ ನಂಬುತ್ತಾರೆ.

ಮನೆಯಲ್ಲಿ ಹೇಳುವಾಗ ಅಪ್ಪ ಅಮ್ಮ ಇಬ್ಬರೂ ಇರುವ ಹೊತ್ತು ನೋಡಿಕೊಳ್ಳಿ, ಹಾಳೆ ಜೊತೆಗಿರಲಿ. ‘ನನ್ನ ಕೈಲಿ ಆಗಲಿಲ್ಲ ಅಪ್ಪಾಜಿ’ ಎಂದು ಶುರು ಮಾಡಿದರೆ ಅವರು ಸಮಾಧಾನ ಹೇಳಲು ಹೊರಡುತ್ತಾರೆ, ‘ಇನ್ನೊಂದು ವರ್ಷ ನೋಡು’ ಎಂದುಬಿಡುತ್ತಾರೆ. ‘ನಾವು ಬರೆದಿಟ್ಟಿದ್ದ ತಾರೀಖು ಬಂತು, ಮುಂದಿನ ತಿಂಗಳಿಂದ ಇದನ್ನ ಮಾಡ್ತೀನಿ’ ಎಂದು ಹೇಳಿದರೆ ಮಾತು ಮುಂದಿನ ಕೆಲಸದ ಮೇಲೆ ನಿಲ್ಲುತ್ತದೆ.

ಮೊದಲ ತೊಂಬತ್ತು ದಿನ ನಿಜವಾಗಿಯೂ ಕಷ್ಟ. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಓದಲು ಏನೂ ಇರುವುದಿಲ್ಲ. ಪ್ರಚಲಿತ ವಿದ್ಯಮಾನದ ಟೆಲಿಗ್ರಾಂ ಗುಂಪುಗಳಿಂದ ಹೊರಬನ್ನಿ; ರೂಮ್‌ಮೇಟ್‌ಗಳ ಗೆಳೆತನ ಬಿಡಬೇಡಿ, ಆದರೆ ಕಟ್‌ಆಫ್ ಚರ್ಚೆಗೆ ಮೂರು ತಿಂಗಳು ರಜೆ ಕೇಳಿ. ನೋಟ್ಸ್ ಸುಡಬೇಡಿ, ಕಿರಿಯರಿಗೆ ಕೊಡಿ. ನಿದ್ದೆ ಬಾರದೆ, ಊಟ ಸೇರದೆ ಎರಡು ವಾರ ಮೀರಿದರೆ, ಬದುಕೇ ಬೇಡವೆಂಬ ಯೋಚನೆ ಒಮ್ಮೆ ಸುಳಿದರೂ ಸಹ, 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ; ಹಗಲು ರಾತ್ರಿ ಸಿಗುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.