ಎಬಿಎಸ್ ಮತ್ತು ಟ್ರ್ಯಾಕ್ಷನ್ ಕಂಟ್ರೋಲ್: ಎರಡಕ್ಕೂ ಲೆಕ್ಕ ಒಂದೇ

ಎಬಿಎಸ್, ಅಂದರೆ ಬ್ರೇಕು ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ, ಏಕೆ ಬೇಕು ಎಂದು ಕೇಳಿದರೆ ಹೆಚ್ಚಿನವರು ಬರೆಯುವ ಉತ್ತರ, "ಕಾರು ಬೇಗ ನಿಲ್ಲುವುದಕ್ಕೆ". ಒದ್ದೆಯಾದ ಡಾಂಬರು ರಸ್ತೆಯ ಮಟ್ಟಿಗೆ ಈ ಉತ್ತರ ಬಹುಪಾಲು ಸರಿಯೇ. ಆದರೆ ಎಬಿಎಸ್ ಹುಟ್ಟಿದ್ದು ಬೇರೆ ಕಾರಣಕ್ಕೆ. ಬ್ರೇಕನ್ನು ಎಷ್ಟು ಬಲವಾಗಿ ಒತ್ತಿದರೂ ಚಾಲಕ ಸ್ಟಿಯರಿಂಗ್ ತಿರುಗಿಸಿದ ಕಡೆಗೆ ಕಾರು ಹೋಗಬೇಕು ಎನ್ನುವುದೇ ಅದರ ಮೊದಲ ಉದ್ದೇಶ. ಇದನ್ನು ಹಿಡಿದುಕೊಂಡರೆ ಈ ಪಾಠದ ಉಳಿದ ಭಾಗವೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪುಸ್ತಕ ಇಂಗ್ಲಿಷಿನಲ್ಲಿ, ವರ್ಕ್‌ಶಾಪಿನ ಮಾತು ಮಲಯಾಳದಲ್ಲಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಆಟೊಮೊಬೈಲ್ ಕಲಿಯುತ್ತಿರುವವರಿಗೆ ಈ ವಿಷಯ ನಮ್ಮ ಭಾಷೆಯಲ್ಲಿ ಒಮ್ಮೆ ಸರಿಯಾಗಿ ಸಿಗಬೇಕೆಂದು ಬರೆಯುತ್ತಿದ್ದೇನೆ. ಉದಾಹರಣೆಗಳೂ ನಮ್ಮ ರಸ್ತೆಗಳದ್ದೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಟಯರಿಗೂ ರಸ್ತೆಗೂ ನಡುವಿನ ಹಿಡಿತ ಎಂಬುದು ಪರೀಕ್ಷೆಗಷ್ಟೇ ಓದಿಬಿಡುವ ವಿಷಯವಲ್ಲ.

ಜಾರಿಕೆ ಎಂಬ ಒಂದು ಸಂಖ್ಯೆ

ಅಡಿಕೆ ತುಂಬಿದ ಗೋಣಿಚೀಲವನ್ನು ಸಿಮೆಂಟು ನೆಲದ ಮೇಲೆ ತಳ್ಳಿ ನೋಡಿ. ಮೊದಲು ಕದಲಿಸುವುದು ಕಷ್ಟ, ಒಮ್ಮೆ ಜಾರತೊಡಗಿತೆಂದರೆ ಅಷ್ಟು ಬಲ ಬೇಕಾಗುವುದಿಲ್ಲ. ನಿಂತ ವಸ್ತುವಿನ ಘರ್ಷಣೆ ಜಾರುವ ವಸ್ತುವಿನ ಘರ್ಷಣೆಗಿಂತ ಹೆಚ್ಚು. ಉರುಳುತ್ತಿರುವ ಟಯರಿನಲ್ಲಿ ರಸ್ತೆಗೆ ತಾಗಿರುವ ಭಾಗ ಆ ಕ್ಷಣಕ್ಕೆ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಆದ್ದರಿಂದ ಅದಕ್ಕೆ ಹಿಡಿತವಿದೆ. ಚಕ್ರ ಪೂರ್ತಿ ನಿಂತು, ಕಾರು ಮಾತ್ರ ಮುಂದೆ ಹೋಗುತ್ತಿದ್ದರೆ ಟಯರು ಉಜ್ಜಿಕೊಂಡು ಜಾರುತ್ತದೆ. ಇದನ್ನೇ ಚಕ್ರ ಲಾಕ್ ಆಯಿತು ಎನ್ನುತ್ತೇವೆ.

ಪೂರ್ತಿ ಉರುಳುವುದಕ್ಕೂ ಪೂರ್ತಿ ಲಾಕ್ ಆಗುವುದಕ್ಕೂ ನಡುವೆ ಬಹಳ ಜಾಗವಿದೆ. ಅದನ್ನು ಅಳೆಯುವ ಸಂಖ್ಯೆಯೇ ಸ್ಲಿಪ್, ಅಂದರೆ ಜಾರಿಕೆ. ಕಾರಿನ ವೇಗದಿಂದ ಟಯರಿನ ಅಂಚಿನ ವೇಗವನ್ನು ಕಳೆದು, ಬಂದದ್ದನ್ನು ಕಾರಿನ ವೇಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಕಾರು ಗಂಟೆಗೆ 60 ಕಿ.ಮೀ., ಟಯರಿನ ಅಂಚು 48 ಕಿ.ಮೀ. ಆದರೆ ವ್ಯತ್ಯಾಸ 12, ಜಾರಿಕೆ ಶೇಕಡಾ 20. ಚಕ್ರ ಲಾಕ್ ಆದಾಗ ಜಾರಿಕೆ ಶೇಕಡಾ 100.

ಬ್ರೇಕಿನ ಬಲ ಅತಿ ಹೆಚ್ಚು ಸಿಗುವುದು ಜಾರಿಕೆ ಸೊನ್ನೆ ಇದ್ದಾಗ ಅಲ್ಲ, ನೂರು ಇದ್ದಾಗಲೂ ಅಲ್ಲ. ಸಾಮಾನ್ಯ ಡಾಂಬರು ರಸ್ತೆಯಲ್ಲಿ ಅದು ಶೇಕಡಾ 10ರಿಂದ 30ರ ನಡುವೆ ಎಲ್ಲೋ ಇರುತ್ತದೆ. ಜಾರಿಕೆಯನ್ನು ಅಡ್ಡಕ್ಕೆ, ಬ್ರೇಕಿನ ಬಲವನ್ನು ಲಂಬಕ್ಕೆ ಇಟ್ಟು ಬರೆಯುವ ರೇಖೆಯನ್ನು ನಿಮ್ಮ ಕೈಯಿಂದಲೇ ಒಮ್ಮೆ ಬರೆಯಿರಿ. ಮೊದಲು ಕಡಿದಾಗಿ ಏರಿ, ತುದಿ ಮುಟ್ಟಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅದೇ ಹಾಳೆಯಲ್ಲಿ ಎರಡನೆಯ ರೇಖೆ ಬರೆಯಿರಿ. ಅದು ಅಡ್ಡಬಲದ ರೇಖೆ, ಅಂದರೆ ತಿರುವಿನಲ್ಲಿ ಕಾರನ್ನು ಪಕ್ಕಕ್ಕೆ ಜಾರಲು ಬಿಡದೆ ಹಿಡಿಯುವ ಬಲ. ಜಾರಿಕೆ ಸೊನ್ನೆ ಇದ್ದಾಗ ಅದು ಗರಿಷ್ಠ. ಜಾರಿಕೆ ಹೆಚ್ಚಿದಂತೆ ಕುಸಿಯುತ್ತಾ ಹೋಗಿ, ಲಾಕ್ ಆದ ಚಕ್ರದಲ್ಲಿ ಬಹುತೇಕ ಏನೂ ಉಳಿಯುವುದಿಲ್ಲ.

ಈ ಪಾಠದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಈ ಎರಡನೆಯ ರೇಖೆಯೇ. ಎಬಿಎಸ್ ಇಲ್ಲದ ಕಾರಿನಲ್ಲಿ ಮುಂದಿನ ಚಕ್ರಗಳು ಲಾಕ್ ಆದವೆಂದರೆ ಸ್ಟಿಯರಿಂಗ್ ತಿರುಗುತ್ತದೆ, ಕಾರು ತಿರುಗುವುದಿಲ್ಲ. ಹಿಂದಿನ ಚಕ್ರಗಳು ಮೊದಲು ಲಾಕ್ ಆದರೆ ಇನ್ನೂ ಕೆಟ್ಟದು, ಕಾರಿನ ಹಿಂಭಾಗವೇ ಮುಂದಕ್ಕೆ ಸುತ್ತಿ ಬರಲು ನೋಡುತ್ತದೆ.

ಕಾರಿಗೆ ತನ್ನ ವೇಗ ಹೇಗೆ ಗೊತ್ತು?

ಜಾರಿಕೆಯ ಲೆಕ್ಕಕ್ಕೆ ಎರಡು ವೇಗಗಳು ಬೇಕು. ಚಕ್ರದ ವೇಗ ಸುಲಭ. ಪ್ರತಿ ಚಕ್ರದ ಹಬ್ಬಿನಲ್ಲಿ, ಅಂದರೆ ನಡುಭಾಗದಲ್ಲಿ, ಹಲ್ಲುಗಳಿರುವ ಒಂದು ರಿಂಗ್, ಅದರೆದುರು ಕೂದಲೆಳೆಯ ಅಂತರದಲ್ಲಿ ಒಂದು ಸೆನ್ಸರ್ ಇರುತ್ತದೆ. ಹಲ್ಲು ಎದುರಿಗೆ ಬಂದು ಹೋದಂತೆಲ್ಲ ಒಂದು ಮಿಡಿತ. ರಿಂಗಿಗೆ 48 ಹಲ್ಲು, ಟಯರಿನ ಸುತ್ತಳತೆ 1.8 ಮೀಟರ್ ಎಂದುಕೊಳ್ಳಿ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್, ಚಕ್ರ ಸೆಕೆಂಡಿಗೆ ಸುಮಾರು 9.26 ಸುತ್ತು, ಮಿಡಿತ ಸುಮಾರು 444. ಹೊಸ ಕಾರುಗಳಲ್ಲಿ ಹಲ್ಲಿನ ರಿಂಗಿನ ಬದಲು ಬೇರಿಂಗಿನ ಸೀಲಿನಲ್ಲೇ ಉತ್ತರ ಧ್ರುವ, ದಕ್ಷಿಣ ಧ್ರುವಗಳನ್ನು ಸಾಲಾಗಿ ಕೂರಿಸಿದ ಅಯಸ್ಕಾಂತದ ಪಟ್ಟಿ ಇರುತ್ತದೆ.

ಕಾರಿನ ನಿಜವಾದ ವೇಗವನ್ನು ತಿಳಿಯುವುದೇ ಕಷ್ಟದ ಭಾಗ. ಸ್ಪೀಡೋಮೀಟರ್ ನೋಡಿದರಾಯಿತು ಎನ್ನಬೇಡಿ, ಅದೂ ಚಕ್ರದ ಸುತ್ತನ್ನೇ ನಂಬಿರುತ್ತದೆ. ನಾಲ್ಕೂ ಚಕ್ರ ಒಟ್ಟಿಗೆ ಜಾರಿದರೆ ಕಂಪ್ಯೂಟರ್ ಯಾವುದನ್ನು ನಂಬಬೇಕು? ಇಲ್ಲಿ ಇಸಿಯು, ಅಂದರೆ ಎಬಿಎಸ್ ನಡೆಸುವ ಆ ಕಂಪ್ಯೂಟರ್, ಭೌತಶಾಸ್ತ್ರದ ಮೊರೆ ಹೋಗುತ್ತದೆ. ಸಾಮಾನ್ಯ ಕಾರಿನ ವೇಗ ಎಂತಹ ಒಳ್ಳೆಯ ರಸ್ತೆಯಲ್ಲೂ ಸುಮಾರು 1 ಜಿ, ಅಂದರೆ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್‌ಗಿಂತ ಹೆಚ್ಚು ತೀವ್ರವಾಗಿ ಇಳಿಯಲಾರದು. ಹಾಗಿದ್ದರೆ 0.1 ಸೆಕೆಂಡಿನಲ್ಲಿ ಅದು ಕಳೆದುಕೊಳ್ಳಬಹುದಾದ ವೇಗ ಗಂಟೆಗೆ ಹೆಚ್ಚೆಂದರೆ 3.5 ಕಿ.ಮೀ. ಅಷ್ಟೇ ಹೊತ್ತಿನಲ್ಲಿ ಒಂದು ಚಕ್ರದ ಮಿಡಿತ 444ರಿಂದ 296ಕ್ಕೆ, ಅಂದರೆ ವೇಗ 60ರಿಂದ 40ಕ್ಕೆ ಇಳಿದರೆ ಅದು 5 ಜಿಗೂ ಮೀರಿದ ಇಳಿತ. ಕಾರು ಹಾಗೆ ನಿಧಾನವಾಗುವುದು ಅಸಾಧ್ಯ. ಹಾಗಾಗಿ ಆ ಚಕ್ರ ರಸ್ತೆಯ ಹಿಡಿತ ಬಿಟ್ಟು ಲಾಕ್ ಆಗುವ ದಾರಿಯಲ್ಲಿದೆ ಎಂದು ಇಸಿಯು ತೀರ್ಮಾನಿಸುತ್ತದೆ. ನಾಲ್ಕೂ ಚಕ್ರಗಳನ್ನು ಹೋಲಿಸಿ, ಈ ಮಿತಿಯನ್ನೂ ಸೇರಿಸಿ, ಕಾರಿನ ವೇಗ ಇಷ್ಟಿರಬೇಕು ಎಂದು ಅದು ಕ್ಷಣಕ್ಷಣಕ್ಕೂ ಅಂದಾಜು ಮಾಡುತ್ತಿರುತ್ತದೆ. ಈ ಅಂದಾಜಿಗೆ ರೆಫರೆನ್ಸ್ ವೇಗ ಎಂದು ಹೆಸರು. ರಸ್ತೆ ಒದ್ದೆಯೋ ಒಣಗಿದೆಯೋ ಎಂದು ನೋಡುವ ಕಣ್ಣು ಎಬಿಎಸ್‌ಗೆ ಇಲ್ಲ. ಚಕ್ರದ ನಡತೆಯಿಂದಲೇ ಅದು ರಸ್ತೆಯನ್ನು ಓದಿಕೊಳ್ಳುತ್ತದೆ. ಇಷ್ಟು ಸರಳವಾದ ಮಾಹಿತಿಯಿಂದ ಅಷ್ಟು ದೊಡ್ಡ ಕೆಲಸ ತೆಗೆದವರ ಬುದ್ಧಿಗೆ ನಾನು ಇಂದಿಗೂ ತಲೆದೂಗುತ್ತೇನೆ.

ವಾಲ್ವುಗಳು

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿಗೂ ಚಕ್ರದ ಬಳಿ ಬ್ರೇಕು ಹಿಡಿಯುವ ಕ್ಯಾಲಿಪರಿಗೂ ನಡುವೆ ಹೈಡ್ರಾಲಿಕ್ ಘಟಕ ಕೂತಿರುತ್ತದೆ. ಅದರಲ್ಲಿ ಪ್ರತಿ ಚಕ್ರಕ್ಕೆ ಎರಡು ವಾಲ್ವ್, ನಾಲ್ಕು ಚಕ್ರಕ್ಕೆ ಒಟ್ಟು 8. ಒಳಗೆ ಬಿಡುವ ವಾಲ್ವ್ ಸಾಮಾನ್ಯವಾಗಿ ತೆರೆದಿರುತ್ತದೆ, ಹೊರಗೆ ಬಿಡುವ ವಾಲ್ವ್ ಸಾಮಾನ್ಯವಾಗಿ ಮುಚ್ಚಿರುತ್ತದೆ. ಚಕ್ರ ಲಾಕ್ ಆಗುವ ಸೂಚನೆ ಸಿಕ್ಕಾಗ ಒಳವಾಲ್ವಿಗೆ ವಿದ್ಯುತ್ ಹರಿದು ಅದು ಮುಚ್ಚಿಕೊಳ್ಳುತ್ತದೆ. ನೀವು ಪೆಡಲನ್ನು ಇನ್ನಷ್ಟು ಒತ್ತಿದರೂ ಆ ಚಕ್ರದ ಒತ್ತಡ ಏರುವುದಿಲ್ಲ. ಅದೂ ಸಾಲದಿದ್ದರೆ ಹೊರವಾಲ್ವ್ ತೆರೆದು ಸ್ವಲ್ಪ ಆಯಿಲನ್ನು ಸಣ್ಣ ಸಂಗ್ರಹಕ್ಕೆ ಬಿಡುತ್ತದೆ, ಒತ್ತಡ ಇಳಿಯುತ್ತದೆ, ಚಕ್ರ ಮತ್ತೆ ವೇಗ ಹಿಡಿಯುತ್ತದೆ. ಹಾಗೆ ಬಿಟ್ಟ ಆಯಿಲನ್ನು ಪಂಪು ಮಾಸ್ಟರ್ ಸಿಲಿಂಡರಿನ ಕಡೆಗೆ ಹಿಂದಕ್ಕೆ ತಳ್ಳುತ್ತದೆ. ನಂತರ ಹೊರವಾಲ್ವ್ ಮುಚ್ಚಿ, ಒಳವಾಲ್ವ್ ತೆರೆದು, ಒತ್ತಡ ಪುನಃ ಏರುತ್ತದೆ. ಏರಿಕೆ, ತಡೆ, ಇಳಿಕೆ ಎಂಬ ಈ ಸರದಿ ಒಂದು ಸೆಕೆಂಡಿನಲ್ಲಿ ಹಲವು ಬಾರಿ ನಡೆಯುತ್ತದೆ. ಪೆಡಲಿನಲ್ಲಿ ಕಾಲಿಗೆ ತಾಗುವ ಗಡಗಡ ನಡುಕ, ಕೇಳಿಸುವ ಕರಕರ ಸದ್ದು ಇದರದ್ದೇ. ಅದು ದೋಷವಲ್ಲ. ಹೆದರಿ ಕಾಲು ತೆಗೆಯಬಾರದು. ಹಳೆಯ ಚಾಲಕರು ಕಲಿಸಿಕೊಡುವಂತೆ ಪೆಡಲನ್ನು ಬಿಟ್ಟು ಬಿಟ್ಟು ಒತ್ತಲೂಬಾರದು. ಎಬಿಎಸ್ ಇರುವ ಕಾರಿನಲ್ಲಿ ಗಟ್ಟಿಯಾಗಿ ಒತ್ತಿ, ಒತ್ತಿಯೇ ಹಿಡಿದು, ಸ್ಟಿಯರಿಂಗ್‌ನಿಂದ ಪಾರಾಗುವ ದಾರಿ ನೋಡಬೇಕು.

ವಾಲ್ವುಗಳ ಸಹಜ ಸ್ಥಿತಿಯನ್ನು ಏಕೆ ಹೀಗೆ ಇಟ್ಟಿದ್ದಾರೆ ಎಂದು ಯೋಚಿಸಿ. ಫ್ಯೂಸ್ ಹೋಯಿತು, ವಯರು ತುಂಡಾಯಿತು ಎನ್ನೋಣ. ಆಗ ಒಳವಾಲ್ವ್ ತೆರೆದೇ ಇರುತ್ತದೆ, ಹೊರವಾಲ್ವ್ ಮುಚ್ಚಿಯೇ ಇರುತ್ತದೆ. ಅಂದರೆ ಎಬಿಎಸ್ ಇಲ್ಲದ ಸಾಮಾನ್ಯ ಬ್ರೇಕು ನಿಮಗೆ ಉಳಿದಿರುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಇದನ್ನು ಕೇಳದಿದ್ದರೂ ನೀವಾಗಿ ಹೇಳಿ.

ಎಬಿಎಸ್‌ನಿಂದ ಆಗದ್ದು

ಇಲ್ಲದ ಘರ್ಷಣೆಯನ್ನು ಯಾವ ಕಂಪ್ಯೂಟರೂ ಹುಟ್ಟಿಸಲಾರದು. ನಿಲ್ಲುವ ದೂರದ ಸೂತ್ರದಲ್ಲಿ ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವದ ಗುಣಲಬ್ಧದ ಎರಡರಷ್ಟರಿಂದ ಭಾಗಿಸುತ್ತೇವೆ. ಘರ್ಷಣಾಂಕ ಒಣ ರಸ್ತೆಯಲ್ಲಿ 0.8, ಒದ್ದೆ ರಸ್ತೆಯಲ್ಲಿ 0.5 ಎಂದಿಟ್ಟುಕೊಂಡರೆ, ಗಂಟೆಗೆ 60 ಕಿ.ಮೀ. ವೇಗಕ್ಕೆ ಒಣ ರಸ್ತೆಯಲ್ಲಿ ಸುಮಾರು 18 ಮೀಟರ್, ಒದ್ದೆಯಲ್ಲಿ 28 ಮೀಟರ್. ವೇಗ 80ಕ್ಕೆ ಏರಿದರೆ ಒದ್ದೆ ರಸ್ತೆಯಲ್ಲಿ 50 ಮೀಟರ್. ಕಣ್ಣಿಗೆ ಕಂಡು ಕಾಲು ಪೆಡಲಿಗೆ ಬರುವಷ್ಟರಲ್ಲಿ ಸಾಗುವ ದೂರ ಇದಕ್ಕೆ ಸೇರಿಲ್ಲ. ಅದಕ್ಕೆ ಒಂದು ಸೆಕೆಂಡ್ ಹಿಡಿದರೂ 80ರಲ್ಲಿ ಇನ್ನೂ 22 ಮೀಟರ್. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಜಡಿಮಳೆಗೆ ಮುಂದಿನ ಲಾರಿಯ ಬೆನ್ನಿಗೆ ಅಂಟಿಕೊಂಡು ಓಡಿಸುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಬೇಕು.

ನೀರು ನಿಂತ ಜಾಗದಲ್ಲಿ ವೇಗವಾಗಿ ಹೋದಾಗ ಟಯರು ನೀರಿನ ಪದರದ ಮೇಲೆ ತೇಲಿದರೆ ಎಬಿಎಸ್‌ಗೆ ಮಾಡಲು ಏನೂ ಇರುವುದಿಲ್ಲ. ಅಲ್ಲಿ ಕಾಪಾಡುವುದು ಕಡಿಮೆ ವೇಗ ಮತ್ತು ಟಯರಿನ ಮೈಮೇಲಿನ ತೋಡುಗಳು ಮಾತ್ರ. ಕಾನೂನು ಹೇಳುವ ಕನಿಷ್ಠ ಆಳ 1.6 ಮಿಲಿಮೀಟರ್, ಆದರೆ ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯುವುದು ಸರಿಯಲ್ಲ.

ಸಡಿಲವಾದ ಜಲ್ಲಿಯ ಮೇಲೆ ಇನ್ನೊಂದು ಸಂಗತಿ ಇದೆ. ಲಾಕ್ ಆದ ಚಕ್ರ ತನ್ನ ಮುಂದೆ ಕಲ್ಲುಮಣ್ಣಿನ ದಿಬ್ಬವೊಂದನ್ನು ಕೂಡಿಹಾಕಿಕೊಳ್ಳುತ್ತದೆ. ಆ ದಿಬ್ಬವೇ ಕಾರನ್ನು ತಡೆಯುತ್ತದೆ. ಎಬಿಎಸ್ ಚಕ್ರವನ್ನು ಉರುಳಿಸುತ್ತಲೇ ಇರುವುದರಿಂದ ದಿಬ್ಬ ಆಗುವುದಿಲ್ಲ, ನಿಲ್ಲುವ ದೂರ ಹೆಚ್ಚಾಗಬಹುದು. ಮುರಕಲ್ಲಿನ ಚೂರು ಹರಡಿದ ಕಚ್ಚಾರಸ್ತೆಯ ಇಳಿಜಾರಿನಲ್ಲಿ ಇದು ನೆನಪಿರಲಿ.

ಕಿರಿದಾದ ಒಳರಸ್ತೆಯಲ್ಲಿ ಎದುರಿನ ಬಸ್ಸಿಗೆ ಜಾಗ ಬಿಡಲು ಎಡಚಕ್ರಗಳನ್ನು ಕೆಂಪು ಕೆಸರಿಗೆ ಇಳಿಸಿರುತ್ತೇವೆ. ಆಗ ಜೋರಾಗಿ ಬ್ರೇಕು ಒತ್ತಿದರೆ ಬಲಚಕ್ರಗಳಿಗೆ ಡಾಂಬರಿನ ಹಿಡಿತ, ಎಡಕ್ಕೆ ಕೆಸರಿನ ಜಾರು. ಕಾರು ಬಲಕ್ಕೆ, ಬಸ್ಸಿನ ಕಡೆಗೇ ಎಳೆಯುತ್ತದೆ. ಇಂಥ ಕಡೆ ಹಲವು ಎಬಿಎಸ್‌ಗಳು ಹಿಂದಿನ ಎರಡೂ ಚಕ್ರಗಳಿಗೆ ಹಿಡಿತ ಕಡಿಮೆ ಇರುವ ಚಕ್ರದ ಲೆಕ್ಕದಲ್ಲೇ ಒತ್ತಡ ಕೊಡುತ್ತವೆ. ನಿಲ್ಲುವ ದೂರ ಸ್ವಲ್ಪ ಹೆಚ್ಚಿದರೂ ಹಿಂಭಾಗ ಸುತ್ತಿಕೊಳ್ಳುವುದಿಲ್ಲ. ದೂರಕ್ಕಿಂತ ಹತೋಟಿ ದೊಡ್ಡದು ಎಂದು ವಿನ್ಯಾಸಕಾರರು ಇಲ್ಲಿ ಸ್ಪಷ್ಟವಾಗಿ ಆರಿಸಿಕೊಂಡಿದ್ದಾರೆ.

ಟ್ರ್ಯಾಕ್ಷನ್ ಕಂಟ್ರೋಲ್

ಈಗ ಅದೇ ಲೆಕ್ಕವನ್ನು ತಿರುಗಿಸಿ. ಎಂಜಿನ್ನಿನ ಬಲಕ್ಕೆ ಚಕ್ರ ಹಿಡಿತ ಬಿಟ್ಟು ಇದ್ದಲ್ಲೇ ಸುತ್ತದಂತೆ ತಡೆಯುವುದೇ ಟ್ರ್ಯಾಕ್ಷನ್ ಕಂಟ್ರೋಲ್. ಬ್ರೇಕಿನಲ್ಲಿ ಚಕ್ರ ಕಾರಿಗಿಂತ ನಿಧಾನ, ಇಲ್ಲಿ ಚಕ್ರ ಕಾರಿಗಿಂತ ವೇಗ. ನಮ್ಮಲ್ಲಿ ಗುಡ್ಡದ ಬದಿಯ ಮನೆಗಳಿಗೆ ಕಡಿದಾದ ದಾರಿ ಇರುವುದು ಸಾಮಾನ್ಯ. ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಕ್ರೀಟು, ಮೇಲೆ ಕೊಳೆತ ಎಲೆ. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಸಣ್ಣ ಕಾರು ಅಲ್ಲಿ ಹತ್ತುವಾಗ ಭಾರ ಹಿಂದಿನ ಚಕ್ರಗಳಿಗೆ ಸರಿದು, ಮುಂದಿನ ಚಕ್ರ ಗಿರ್ರನೆ ಸುತ್ತಿ ಕಾರು ಇದ್ದಲ್ಲೇ ಉಳಿಯುತ್ತದೆ.

ಇದಕ್ಕೆ ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಕೂಡ ಕಾರಣ. ಸಾಮಾನ್ಯ ಡಿಫರೆನ್ಷಿಯಲ್ ಎಡಬಲ ಚಕ್ರಗಳಿಗೆ ಹೆಚ್ಚುಕಡಿಮೆ ಒಂದೇ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಪಾಚಿಯ ಮೇಲಿರುವ ಚಕ್ರ ಎಷ್ಟು ಕಡಿಮೆ ಟಾರ್ಕ್ ತಾಳುತ್ತದೋ, ಒಳ್ಳೆಯ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಸುತ್ತುತ್ತಿರುವ ಚಕ್ರಕ್ಕೆ ಮಾತ್ರ ಬ್ರೇಕು ಹಾಕುತ್ತದೆ. ಆ ಬ್ರೇಕಿನ ತಡೆಯನ್ನು ಮೀರಲು ಬೇಕಾಗುವ ಟಾರ್ಕಿನಷ್ಟು ಇನ್ನೊಂದು ಬದಿಗೂ ಹೆಚ್ಚಾಗಿ ಹೋಗಿ, ಹಿಡಿತವಿರುವ ಚಕ್ರ ಕಾರನ್ನು ಎಳೆಯುತ್ತದೆ. ಎರಡೂ ಚಕ್ರ ಸುತ್ತಿದರೆ ಥ್ರಾಟಲ್ ತಗ್ಗಿಸಿ, ಇಗ್ನಿಷನ್ ತಡಮಾಡಿ, ಬೇಕಾದರೆ ಇಂಧನ ಕಡಿದು ಎಂಜಿನ್ನಿನ ಬಲವನ್ನೇ ಇಳಿಸುತ್ತದೆ.

ಚಾಲಕ ಪೆಡಲ್ ಒತ್ತದೆ ಇರುವಾಗ ಬ್ರೇಕಿಗೆ ಒತ್ತಡ ಎಲ್ಲಿಂದ ಬರುತ್ತದೆ ಎಂಬುದು ಒಳ್ಳೆಯ ಪ್ರಶ್ನೆ. ಪಂಪೇ ಅದನ್ನು ಕೊಡಬೇಕು. ಅದಕ್ಕೆ ಹೆಚ್ಚುವರಿ ವಾಲ್ವುಗಳು ಬೇಕು. ಒಂದು ಬಗೆಯದು ಮಾಸ್ಟರ್ ಸಿಲಿಂಡರಿಗೆ ಹಿಂದಿರುಗುವ ದಾರಿಯನ್ನು ಮುಚ್ಚಿದರೆ, ಇನ್ನೊಂದು ಬಗೆಯದು ಪಂಪಿಗೆ ಆಯಿಲು ಹೀರಲು ದಾರಿ ತೆರೆಯುತ್ತದೆ. ಹಾಗಾಗಿಯೇ ಸ್ಥಿರತೆ ಕಾಯುವ ಇಎಸ್‌ಪಿ ಸೇರಿದ ಘಟಕದಲ್ಲಿ ಸಾಮಾನ್ಯವಾಗಿ 8ರ ಬದಲು 12 ವಾಲ್ವ್ ಇರುತ್ತವೆ.

ಇತಿಹಾಸಕ್ಕೆ ಇಷ್ಟು ಸಾಕು. ವಿಮಾನಗಳಿಗಾಗಿ ಡನ್‌ಲಪ್ ಮಾಡಿದ ಮ್ಯಾಕ್ಸರೆಟ್ ಎಂಬ ಯಾಂತ್ರಿಕ ವ್ಯವಸ್ಥೆ 1966ರಲ್ಲಿ ಜೆನ್ಸನ್ ಎಫ್‌ಎಫ್ ಕಾರಿಗೆ ಬಂತು. 1978ರಲ್ಲಿ ಬಾಷ್‌ನ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಬೆಂಜ್ ಎಸ್ ಕ್ಲಾಸ್‌ಗೆ ಬಂತು. ಇಎಸ್‌ಪಿ 1995ರದ್ದು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ.

ವರ್ಕ್‌ಶಾಪಿನಲ್ಲಿ

ಕೀ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಎಬಿಎಸ್ ಕೆಲಸ ನಿಲ್ಲಿಸಿದೆ, ಸಾಮಾನ್ಯ ಬ್ರೇಕು ಇದೆ. ಅದರ ಜೊತೆಗೆ ಕೆಂಪು ಬ್ರೇಕ್ ದೀಪವೂ ಹೊತ್ತಿದ್ದರೆ ವಿಷಯ ಬೇರೆ. ಆಯಿಲು ಕಡಿಮೆಯಾಗಿರಬಹುದು, ಇಲ್ಲವೇ ಮುಂದೆ ಹಿಂದೆ ಒತ್ತಡ ಹಂಚುವ ಇಬಿಡಿ ಕೂಡ ಕೆಟ್ಟಿರಬಹುದು. ಆ ಕಾರನ್ನು ಓಡಿಸಿಕೊಂಡು ಬರಲು ಗ್ರಾಹಕರಿಗೆ ಹೇಳಬೇಡಿ.

ದೀಪ ಹೊತ್ತಿದೊಡನೆ ದುಬಾರಿ ಘಟಕದ ಮೇಲೆ ಕೈಯಿಡುವ ಮೊದಲು ಚಕ್ರದ ಬಳಿ ನೋಡಿ. ಸೆನ್ಸರಿನ ತುದಿಗೆ ಕೆಸರು, ಕಬ್ಬಿಣದ ಪುಡಿ, ತುಕ್ಕು ಹಿಡಿದು ಬಿರಿದ ರಿಂಗ್, ಇಲಿ ಕಡಿದ ವಯರು, ಇವೇ ಹೆಚ್ಚು. ಹೊಸ ಬೇರಿಂಗ್ ಹಾಕಿದ ಮೇಲೆ ದೀಪ ಹೊತ್ತಿತೆಂದರೆ, ಅಯಸ್ಕಾಂತದ ಬದಿ ಸೆನ್ಸರಿಗೆ ಎದುರಾಗಿದೆಯೇ ಎಂದು ಪರೀಕ್ಷಿಸಿ. ಬೇರಿಂಗನ್ನು ತಿರುಗುಮುರುಗಾಗಿ ಒತ್ತಿ ಕೂರಿಸಿದರೆ ಸೆನ್ಸರಿಗೆ ಏನೂ ಸಿಗುವುದಿಲ್ಲ. ಒಂದು ಚಕ್ರಕ್ಕೆ ಬೇರೆ ಅಳತೆಯ ಟಯರ್ ಹಾಕಿದರೂ ಇಸಿಯುವಿನ ಲೆಕ್ಕ ತಪ್ಪುತ್ತದೆ, ಏಕೆಂದರೆ ಚಿಕ್ಕ ಟಯರ್ ಅದೇ ದೂರಕ್ಕೆ ಹೆಚ್ಚು ಸುತ್ತುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವಂಥದ್ದು. ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸಬಾರದು, ತೇವ ಸೇರಿದ ಆಯಿಲಿನಿಂದ ವಾಲ್ವುಗಳಿಗೂ ತುಕ್ಕು.

ಇನ್ನು, ಟ್ರ್ಯಾಕ್ಷನ್ ಕಂಟ್ರೋಲನ್ನು ಆಫ್ ಮಾಡುವ ಸ್ವಿಚ್ ಏಕಿದೆ ಎಂದು ಕೇಳುವವರಿಗೆ: ಕಾರು ಕೆಸರಿನಲ್ಲೋ ಕಡಲತೀರದ ಮರಳಿನಲ್ಲೋ ಹೂತುಹೋದಾಗ ಚಕ್ರ ಸ್ವಲ್ಪ ಸುತ್ತಿ, ಮೇಲಿನ ಸಡಿಲ ಪದರವನ್ನು ಹೊರಗೆಸೆದು, ಕೆಳಗಿನ ಗಟ್ಟಿ ನೆಲವನ್ನು ಹುಡುಕಬೇಕಾಗುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಇದಕ್ಕೆ ಬಿಡದೆ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಆಗ ಆಫ್ ಮಾಡಿ ಹೊರಗೆ ಬನ್ನಿ, ಡಾಂಬರು ತಲುಪಿದ ಕೂಡಲೇ ಆನ್ ಮಾಡಿ.