ನಡಿಗೆಯ ಲೆಕ್ಕ: ಆಸ್ಪತ್ರೆಯಿಂದ ಶೂ ಅಂಗಡಿಗೆ, ಅಲ್ಲಿಂದ ಮೊಬೈಲಿಗೆ

ಬೆಳಿಗ್ಗೆ ಆರಕ್ಕೆ ಕುಂದುವಾಡ ಕೆರೆ ಏರಿ ಮೇಲೆ ಹೋದರೆ ಶುಗರ್, ಬಿಪಿ ಮಾತಿನ ಜೊತೆ ಈಗ ಹೊಸದೊಂದು ಕಿವಿಗೆ ಬೀಳುತ್ತದೆ. "ನನ್ನ ಪಾದ ಒಳಕ್ಕೆ ವಾಲುತ್ತಂತೆ ಸರ್, ಗೇಟ್ ಅನಾಲಿಸಿಸ್ ಮಾಡಿಸಿದೆ." ದಾವಣಗೆರೆಯವರಿಗೆ ಗೇಟ್ ಅಂದರೆ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟೇ. ಇದು ಬೇರೆ. ಈ ಗೇಟ್ ಅಂದರೆ ನಡೆಯುವ ಧಾಟಿ. ಕ್ಯಾಮೆರಾ, ಒತ್ತಡ ಅಳೆಯುವ ಹಲಗೆ, ಕಾಲಿಗೆ ಕಟ್ಟುವ ಸೆನ್ಸರ್ ಇಟ್ಟುಕೊಂಡು ಒಂದೊಂದು ಹೆಜ್ಜೆಯನ್ನೂ ಬಿಡಿಸಿ ನೋಡುವ ಕೆಲಸ. ಇದನ್ನು ಮಾಡಿಸಿದವರಲ್ಲಿ ಒಬ್ಬರಿಗೆ ಶೂ ಬದಲಿಸಿ ಅಂದಿದ್ದಾರೆ. ಇನ್ನೊಬ್ಬರಿಗೆ ಶೂ ಬಿಟ್ಟು ಬರಿಗಾಲಲ್ಲಿ ಓಡಿ ಅಂದಿದ್ದಾರೆ. ಮತ್ತೊಬ್ಬರಿಗೆ ನಿಮಿಷಕ್ಕೆ 180 ಹೆಜ್ಜೆ ಹಾಕಿ ಅಂದಿದ್ದಾರೆ. ಮೂವರೂ ಸುತ್ತುವುದು ಒಂದೇ ಕೆರೆ. ಯಾರ ಮಾತು ನಂಬೋದು?

ಹಳೆಯ ಕಥೆ ಬೇಗ ಹೇಳಿಬಿಡುತ್ತೇನೆ. 1836ರಲ್ಲಿ ಜರ್ಮನಿಯ ವೆಬರ್ ಸಹೋದರರು ನಡಿಗೆಯ ಬಗ್ಗೆ ಪುಸ್ತಕ ಬರೆದರು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ 12 ಕ್ಯಾಮೆರಾ ಸಾಲಾಗಿಟ್ಟು, ಓಡುವ ಕುದುರೆಯ ನಾಲ್ಕೂ ಕಾಲು ಒಂದು ಗಳಿಗೆ ನೆಲ ಬಿಡುತ್ತವೆ ಎಂದು ತೋರಿಸಿದರು. ಫ್ರಾನ್ಸಿನ ಮಾರೆ ಅಟ್ಟೆಯೊಳಗೆ ಗಾಳಿಚೀಲ ಇಟ್ಟ ಶೂ ಮಾಡಿ, ಕಾಲು ಯಾವಾಗ ನೆಲ ಮುಟ್ಟಿತು ಎಂದು ಬರೆಸಿಕೊಂಡರು. ಎರಡನೇ ಮಹಾಯುದ್ಧದ ನಂತರ ಕಾಲು ಕಳೆದುಕೊಂಡು ಬಂದ ಸೈನಿಕರಿಗೆ ಒಳ್ಳೆಯ ಕೃತಕ ಕಾಲು ಬೇಕಿತ್ತು. ಅದಕ್ಕಾಗಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇನ್‌ಮನ್ ಮತ್ತು ಜೊತೆಗಾರರು ನೆಟ್ಟಗಿರುವ ಕಾಲು ಹೇಗೆ ನಡೆಯುತ್ತದೆ ಎಂದು ಕೂಲಂಕಷವಾಗಿ ನೋಡಿದರು. ಅದೇ ರಾಜ್ಯದ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯಲ್ಲಿ ಜಾಕ್ವೆಲಿನ್ ಪೆರ್ರಿ ಎಂಬ ವೈದ್ಯೆ, ಪೋಲಿಯೋದಿಂದ ಸೊರಗಿದ ಕಾಲುಗಳಿಗೆ ಚಿಕಿತ್ಸೆ ಮಾಡುತ್ತಲೇ ಈ ವಿದ್ಯೆಯನ್ನು ಬೆಳೆಸಿದರು.

ಅಂದರೆ ಇದು ಹುಟ್ಟಿದ್ದು ಕುಂಟುವವರಿಗಾಗಿ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಮಗು ತುದಿಗಾಲಲ್ಲಿ ನಡೆಯುತ್ತಿದೆ ಅನ್ನಿ. ಮೀನಖಂಡ ಗಿಡ್ಡವಾಗಿದೆಯೋ, ಮಂಡಿ ಹಿಂದಿನ ಸ್ನಾಯು ಎಳೆಯುತ್ತಿದೆಯೋ? ಕತ್ತರಿ ಹಾಕುವ ಮೊದಲು ಅದು ಗೊತ್ತಾಗಬೇಕು. ಅಲ್ಲಿ ಯಂತ್ರಕ್ಕೆ ಕೇಳುವ ಪ್ರಶ್ನೆ ಖಚಿತವಾಗಿರುತ್ತದೆ, ಉತ್ತರವೂ ಕೆಲಸಕ್ಕೆ ಬರುತ್ತದೆ.

ಗೋಜಲು ಶುರುವಾದದ್ದು ಪ್ರಶ್ನೆ ಬದಲಾದಾಗ.

1972ರ ಮ್ಯೂನಿಕ್ ಒಲಿಂಪಿಕ್ಸ್ ಮ್ಯಾರಥಾನನ್ನು ಅಮೆರಿಕದ ಫ್ರಾಂಕ್ ಶಾರ್ಟರ್ ಗೆದ್ದ ಮೇಲೆ ಆ ದೇಶದಲ್ಲಿ ಜನಸಾಮಾನ್ಯರೂ ಓಡಲು ಶುರುಮಾಡಿದರು. ಓಡಿದವರಿಗೆ ಮಂಡಿ ನೋವು, ಹಿಮ್ಮಡಿ ನೋವು ಬಂತು. ಕಾರಣ ಏನು? ಪಾದ ನೆಲಕ್ಕೂರಿದಾಗ ಸ್ವಲ್ಪ ಒಳಕ್ಕೆ ವಾಲುತ್ತದೆ. ಇದಕ್ಕೆ ಪ್ರೊನೇಷನ್ ಅನ್ನುತ್ತಾರೆ. ಓಡುವಾಗ ಮೈತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ, ಆ ಪೆಟ್ಟು ಹಗುರಾಗಲು ಪಾದ ವಾಲಲೇಬೇಕು. ಆದರೆ "ಜಾಸ್ತಿ" ವಾಲಿದರೆ ಗಾಯ ಆಗುತ್ತದೆ ಎಂಬ ಊಹೆ ಹುಟ್ಟಿಕೊಂಡಿತು. ಎಷ್ಟಾದರೆ ಜಾಸ್ತಿ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಗೆರೆಯೇ ಇರಲಿಲ್ಲ. ಆದರೂ 1980ರ ದಶಕದಲ್ಲಿ ಶೂಗಳು ಮೂರು ಜಾತಿಯಾದವು. ವಾಲುವುದನ್ನು ತಡೆಯುವುದು, ಸ್ವಲ್ಪ ತಡೆಯುವುದು, ಬರೀ ಮೆತ್ತಗಿರುವುದು. ಒದ್ದೆ ಕಾಲನ್ನು ಕಾಗದದ ಮೇಲೆ ಊರಿ, ಬಿದ್ದ ಅಚ್ಚು ನೋಡಿ ಶೂ ಕೊಡುವ ಪದ್ಧತಿ ಬಂತು. ಆಮೇಲೆ ಅಂಗಡಿಗೇ ಟ್ರೆಡ್‌ಮಿಲ್ ಬಂತು, ಹಿಂದೊಂದು ಕ್ಯಾಮೆರಾ. ಆಸ್ಪತ್ರೆಯಲ್ಲಿ "ತೊಡಕು ಎಲ್ಲಿದೆ?" ಎಂದಿದ್ದ ಪ್ರಶ್ನೆ ಇಲ್ಲಿ "ಯಾವ ಶೂ?" ಎಂದಾಯಿತು.

ನನಗೂ ಇದಾಗಿದೆ. ಬೇರೆ ಊರಿನ ಅಂಗಡಿಯೊಂದರಲ್ಲಿ ಒಂದೇ ನಿಮಿಷ ಓಡಿಸಿ, ಪರದೆ ಮೇಲೆ ಹಿಮ್ಮಡಿಗೆ ಕೆಂಪು ಗೆರೆ ಎಳೆದು ತೋರಿಸಿದರು. ಕೆಂಪು ಗೆರೆ ನೋಡಿದ ಮೇಲೆ ಬೇಡ ಅನ್ನೋಕೆ ಬಾಯಿ ಬರುತ್ತಾ? ದುಬಾರಿ ಜೋಡಿ ಹಿಡಿದು ಬಂದೆ. ಮಂಡಿ ನೋವು ಹಾಗೇ ಇತ್ತು. ಅಶೋಕ ರಸ್ತೆಯಲ್ಲಿ ಚಪ್ಪಲಿ ಹೊಲಿಯುವ ಅಜ್ಜ ನನ್ನ ಹಳೇ ಶೂ ತಿರುಗಿಸಿ, "ಹಿಮ್ಮಡಿ ಹೊರಗಡೆ ಸವದೈತಿ, ಎಲ್ಲಾರದೂ ಹಿಂಗೇ" ಅಂದಿದ್ದ. ಅವನದೇ ಸರಿ. ಬಹಳಷ್ಟು ಜನ ಹಿಮ್ಮಡಿಯ ಹೊರ ಅಂಚನ್ನೇ ಮೊದಲು ಊರುತ್ತಾರೆ. ಅದು ರೋಗವಲ್ಲ.

ಊಹೆಗೆ ಪರೀಕ್ಷೆ ಬಂದದ್ದು ತಡವಾಗಿ. 2009-10ರ ಹೊತ್ತಿಗೆ ಅಮೆರಿಕದ ಭೂಸೇನೆ, ವಾಯುಸೇನೆ, ಮರೀನ್ ಪಡೆಗಳಲ್ಲಿ ತರಬೇತಿಗೆ ಸೇರಿದವರ ಮೇಲೆ ಅಧ್ಯಯನಗಳು ನಡೆದವು. ಒಂದು ಗುಂಪಿಗೆ ಪಾದದ ಆಕಾರ ನೋಡಿ ಶೂ, ಇನ್ನೊಂದು ಗುಂಪಿಗೆ ಎಲ್ಲರಿಗೂ ಒಂದೇ ಬಗೆ. ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡೆನ್ಮಾರ್ಕ್‌ನಲ್ಲಿ ಹೊಸದಾಗಿ ಓಡಲು ಶುರುಮಾಡಿದ 927 ಜನರಿಗೆ ಒಂದೇ ಥರದ ಸಾದಾ ಶೂ ಕೊಟ್ಟು ಒಂದು ವರ್ಷ ನೋಡಿದರು. ಪಾದ ವಾಲುವವರಿಗೆ ಉಳಿದವರಿಗಿಂತ ಜಾಸ್ತಿ ಗಾಯವೇನೂ ಆಗಲಿಲ್ಲ. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 2016ರಲ್ಲಿ ಲಕ್ಸೆಂಬರ್ಗ್‌ನ 372 ಓಟಗಾರರ ಅಧ್ಯಯನದಲ್ಲಿ, ವಾಲುವ ಪಾದದವರಿಗೆ ತಡೆಯುವ ಶೂನಿಂದ ಲಾಭ ಕಂಡಿತು. ವಿಜ್ಞಾನ ಹೀಗೇ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಒಂದೇ ನಿಮಿಷದ ವಿಡಿಯೋ ನೋಡಿ ಗಟ್ಟಿಯಾಗಿ ಹೇಳುವಂಥದ್ದಲ್ಲ ಅನ್ನುವುದಂತೂ ಖರೆ.

ಬರಿಗಾಲಿನ ಅಲೆ ಎದ್ದದ್ದೂ ಅದೇ ಹೊತ್ತಿಗೆ. 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ, ಬರಿಗಾಲಲ್ಲಿ ಓಡಿ ರೂಢಿ ಇರುವವರು ಹೆಚ್ಚಾಗಿ ಪಾದದ ಮುಂಭಾಗ ಊರುತ್ತಾರೆ, ಆಗ ಮೊದಲ ಪೆಟ್ಟು ಕಡಿಮೆ ಎಂದು ತೋರಿಸಿತು. ಜನ ಒಂದೇ ವಾರದಲ್ಲಿ ಶೂ ಬಿಚ್ಚಿದರು. ಮಂಡಿಯ ಭಾರ ಇಳಿದು ಮೀನಖಂಡದ ಮೇಲೆ ಕೂತಿತು. 180ರ ಕಥೆಯೂ ಅಷ್ಟೇ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೋಚ್ ಜ್ಯಾಕ್ ಡೇನಿಯಲ್ಸ್ ಓಟಗಾರರ ಹೆಜ್ಜೆ ಎಣಿಸಿದರು. ಬಹುತೇಕ ಎಲ್ಲರದೂ ನಿಮಿಷಕ್ಕೆ 180 ಅಥವಾ ಮೇಲೆ. ಅದು ಒಲಿಂಪಿಕ್ಸ್ ವೇಗ. ಕೆರೆ ಏರಿ ಮೇಲೆ ಮಾತಾಡುತ್ತಾ ಓಡುವವರಿಗೆ ಅದೇ ಯಾಕೆ ಬೇಕು? ಕೆಲಸಕ್ಕೆ ಬರುವ ಲೆಕ್ಕ ಬೇರೆ ಇದೆ. 2011ರಲ್ಲಿ ವಿಸ್ಕಾನ್ಸಿನ್‌ನಲ್ಲಿ 45 ಓಟಗಾರರನ್ನು ಅಳೆದಾಗ, ತಮ್ಮದೇ ಹೆಜ್ಜೆಯ ಎಣಿಕೆಯನ್ನು ಶೇ 5ರಿಂದ 10ರಷ್ಟು ಏರಿಸಿದರೆ ಮಂಡಿ ಮತ್ತು ಸೊಂಟದ ಕೀಲಿನ ಮೇಲಿನ ಭಾರ ಇಳಿಯಿತು. ಯಂತ್ರದ ನಿಜವಾದ ಉಪಯೋಗ ಇಂಥಲ್ಲಿ ಅಂತ ನನಗನಿಸುತ್ತದೆ. ನಿಮ್ಮನ್ನು ಒಲಿಂಪಿಕ್ಸ್‌ನವರ ಜೊತೆಯಲ್ಲ, ನಿನ್ನೆಯ ನಿಮ್ಮ ಜೊತೆಗೇ ಹೋಲಿಸುವುದರಲ್ಲಿ.

ಈಗ ಮೊಬೈಲ್ ಕಾಲ. ಕ್ಯಾಮೆರಾ ಹಿಡಿದರೆ ಆ್ಯಪ್ ಕೀಲುಗಳಿಗೆ ತಾನೇ ಚುಕ್ಕಿ ಇಡುತ್ತದೆ. ಅಗ್ಗ ಹೌದು, ಆದರೆ ಮಿತಿ ಗೊತ್ತಿರಬೇಕು. ಓಡುವಾಗ ಪಾದ ನೆಲದ ಮೇಲಿರುವುದು ಸುಮಾರು ಕಾಲು ಸೆಕೆಂಡ್. ಸೆಕೆಂಡಿಗೆ 30 ಚಿತ್ರದ ವಿಡಿಯೋದಲ್ಲಿ ಅದರ ಏಳೆಂಟು ಚಿತ್ರವಷ್ಟೇ ಸಿಗುತ್ತವೆ. 240ರ ಸ್ಲೋ ಮೋಷನ್‌ನಲ್ಲಿ 60. ಓರೆಯಾಗಿ ನಿಂತು ತೆಗೆದರೆ ಮಂಡಿಯ ಕೋನವೇ ತಪ್ಪು ಬರುತ್ತದೆ. ಸೀರೆ, ಪಂಚೆ ಉಟ್ಟವರ ಮಂಡಿ ಎಲ್ಲಿದೆ ಅಂತ ಆ್ಯಪ್ ಊಹೆ ಮಾಡುತ್ತದೆ, ಅಷ್ಟೇ. ಇನ್ನು ಸಪಾಟು ಟ್ರೆಡ್‌ಮಿಲ್ ಮೇಲಿನ ವಿಡಿಯೋ, ಚಿತ್ರದುರ್ಗದ ಕೋಟೆ ಮೆಟ್ಟಿಲು ಇಳಿಯುವಾಗ ಮಂಡಿ ಏನು ಪಾಡು ಪಡುತ್ತದೆ ಎಂದು ಹೇಳಲಾರದು. ಇಳಿಯುವಾಗ ತೊಡೆಯ ಸ್ನಾಯು ಬ್ರೇಕ್ ಹಿಡಿದ ಹಾಗೆ ಕೆಲಸ ಮಾಡುತ್ತದೆ. ಅದೇ ಬೇರೆ ಲೆಕ್ಕ.

ಓಡದವರಿಗೆ ಯಂತ್ರವೂ ಬೇಕಿಲ್ಲ. 65 ದಾಟಿದ 34,485 ಜನರ ಮಾಹಿತಿ ಒಟ್ಟು ಸೇರಿಸಿ 2011ರಲ್ಲಿ ನೋಡಿದಾಗ, ನಡಿಗೆಯ ವೇಗಕ್ಕೂ ಆಯಸ್ಸಿಗೂ ನಂಟು ಕಂಡಿತು. ಮನೆಯ ಹಾಲ್‌ನಲ್ಲಿ 4 ಮೀಟರ್ ದೂರಕ್ಕೆ ಸೀಮೆಸುಣ್ಣದ ಎರಡು ಗೆರೆ ಎಳೆಯಿರಿ. ಅಪ್ಪನೋ ಅಮ್ಮನೋ ಎಂದಿನ ನಡಿಗೆಯಲ್ಲಿ ದಾಟಲಿ. 5 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 0.8 ಮೀಟರ್. ತಿಂಗಳಿಂದ ತಿಂಗಳಿಗೆ ಅದು ನಿಧಾನವಾಗುತ್ತಾ ಹೋದರೆ ಡಾಕ್ಟರ ಹತ್ತಿರ ಮಾತಾಡಿ.

ವಿಡಿಯೋ ತೆಗೆಯುವುದಾದರೆ ಅದೇ ಜಾಗ, ಅದೇ ಶೂ, ಅದೇ ವೇಗ ಇರಲಿ. ಮೊದಲ ಸುತ್ತಿನದು ಬಿಡಿ, ಆಗ ಎಲ್ಲರೂ ಕ್ಯಾಮೆರಾ ನೋಡಿ ಎದೆ ಸೆಟೆಸಿ ನಡೆಯುತ್ತಾರೆ. ಎರಡನೇ ಸುತ್ತಿನಲ್ಲಿ, ಮಾತಿಗೆ ಬಿದ್ದಾಗ, ತೆಗೆಯಿರಿ.