ಜಪಾನಿ ಭಾಷೆ ಬಾರದೆ ಜಪಾನಿ ನಿಟ್ಟಿಂಗ್ ಪ್ಯಾಟರ್ನ್ ಹೆಣೆಯಬಹುದಾ?

ಓದುಗರ ಪ್ರಶ್ನೆ: ನಾನು ಸ್ವೆಟರ್, ಟೋಪಿ, ಮಫ್ಲರ್ ಎಲ್ಲ ಹೆಣೆಯುತ್ತೇನೆ. ಜಪಾನಿನ ಡಿಸೈನ್‌ಗಳನ್ನು ನೋಡಿದಾಗಲೆಲ್ಲ ಆಸೆಯಾಗುತ್ತದೆ. ಆದರೆ ಪುಸ್ತಕ ತೆರೆದರೆ ಒಂದಕ್ಷರವೂ ಗೊತ್ತಾಗುವುದಿಲ್ಲ. ಆ ಭಾಷೆ ಕಲಿಯದೆ ಇವನ್ನು ಹೆಣೆಯೋಕೆ ಆಗುತ್ತಾ?

ಆಗುತ್ತದೆ. ಧಾರಾಳವಾಗಿ ಆಗುತ್ತದೆ. ಒಮ್ಮೆ ರೂಢಿಯಾದರೆ ಇಂಗ್ಲಿಷ್ ಪ್ಯಾಟರ್ನ್‌ಗಿಂತ ಇದೇ ಹಗುರ ಅನ್ನಿಸುತ್ತದೆ, ನನಗಂತೂ ಹಾಗೇ ಆಗಿದೆ. ಇಂಗ್ಲಿಷಿನಲ್ಲಿ ಹೆಚ್ಚಾಗಿ ಪ್ರತಿ ಸಾಲನ್ನೂ ಮಾತಿನಲ್ಲಿ ಬರೆದಿರುತ್ತಾರೆ, ಎರಡು ನಿಟ್ (ಸಾದಾ ಕುಣಿಕೆ), ಒಂದು ಪರ್ಲ್ (ಉಲ್ಟಾ ಕುಣಿಕೆ), ನೂಲು ಮುಂದಕ್ಕೆ ಅಂತ ಉದ್ದಕ್ಕೆ ಓದಿಕೊಂಡು ಹೋಗಬೇಕು, ಮಧ್ಯೆ ಯಾರಾದರೂ ಕರೆದರೆ ಎಲ್ಲಿದ್ದೆವು ಅನ್ನೋದೇ ಮರೆತುಹೋಗುತ್ತದೆ. ಜಪಾನಿನಲ್ಲಿ ಮಾತು ಕಡಿಮೆ, ಚಿತ್ರ ಜಾಸ್ತಿ. ಚೌಕುಳಿ ಹಾಳೆಯ ಮೇಲೆ ಗುರುತುಗಳು, ಇದೇ ಚಾರ್ಟ್. ಒಂದು ಚೌಕ ಒಂದು ಸ್ಟಿಚ್, ಅಂದರೆ ಒಂದು ಕುಣಿಕೆ, ಅಡ್ಡಡ್ಡ ಒಂದು ಪಟ್ಟಿ ಒಂದು ಸಾಲು. ಅಷ್ಟೇ.

ಇನ್ನೊಂದು ದೊಡ್ಡ ಅನುಕೂಲ ಇದೆ. ಆ ಗುರುತುಗಳು ಒಬ್ಬೊಬ್ಬ ಡಿಸೈನರ್ ಮನಸ್ಸಿಗೆ ಬಂದ ಹಾಗೆ ಬರೆದವಲ್ಲ. ನಮ್ಮಲ್ಲಿ ಐಎಸ್‌ಐ ಗುರುತು ಇರುವ ಹಾಗೆ ಅಲ್ಲಿ ಜೆಐಎಸ್ ಅನ್ನುವ ಕೈಗಾರಿಕಾ ಮಾನದಂಡ ಇದೆ. ನಿಟ್ಟಿಂಗ್ ಗುರುತುಗಳಿಗೂ ಅದರಲ್ಲಿ ಜಾಗ ಸಿಕ್ಕಿದೆ, ಜೆಐಎಸ್ ಎಲ್ 0201 ಅಂತ ಅದರ ಸಂಖ್ಯೆ. ಹೆಣಿಗೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರಲ್ಲ, ಅದೇ ನನಗೆ ಖುಷಿ. ಹಾಗಾಗಿ ಒಂದು ಪುಸ್ತಕದಲ್ಲಿ ಕಲಿತ ಗುರುತು ಇನ್ನೊಂದರಲ್ಲೂ ಕೆಲಸಕ್ಕೆ ಬರುತ್ತದೆ.

ಗುರುತುಗಳು ಹೇಗಿವೆ ನೋಡಿ. ನೆಟ್ಟಗೆ ನಿಂತ ಗೆರೆ ನಿಟ್. ಮಲಗಿದ ಗೆರೆ ಪರ್ಲ್. ಸೊನ್ನೆ ಅಂದರೆ ಕಡ್ಡಿಗೆ ನೂಲು ಸುತ್ತಿ ತೂತು ಮಾಡುವುದು, ಬಟ್ಟೆಯಲ್ಲೂ ಅಲ್ಲಿ ತೂತೇ ಕಾಣುತ್ತದೆ. ಎರಡು ಸ್ಟಿಚ್ ಸೇರಿಸಿ ಒಂದು ಮಾಡುವುದಕ್ಕೆ ಎರಡು ಕಾಲಿನ ಗುರುತು, ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ. ಉದ್ದ ಗೆರೆ ಮೇಲಕ್ಕೆ ಹೋಗ್ತಾ ಬಲಕ್ಕೆ ವಾಲಿದ್ದರೆ ಎರಡನ್ನೂ ಒಟ್ಟಿಗೆ ನಿಟ್ ಮಾಡಬೇಕು, ಎಡಕ್ಕೆ ವಾಲಿದ್ದರೆ ಮೊದಲನೆಯದನ್ನು ಹಾಗೇ ಬಲಗಡ್ಡಿಗೆ ಜಾರಿಸಿ, ಎರಡನೆಯದನ್ನು ನಿಟ್ ಮಾಡಿ, ಜಾರಿಸಿದ್ದನ್ನು ಅದರ ಮೇಲಿಂದ ದಾಟಿಸಬೇಕು. ಬಟ್ಟೆಯ ಮೇಲೆ ಯಾವ ಸ್ಟಿಚ್ ಮೇಲೆ ಬಂದು ಯಾವ ಕಡೆ ವಾಲುತ್ತದೋ ಗುರುತಿನ ಉದ್ದ ಗೆರೆಯೂ ಅದೇ ಕಡೆ ವಾಲಿರುತ್ತದೆ. ಬಾಯಿಪಾಠ ಮಾಡುವುದು ಏನೂ ಇಲ್ಲ, ಸುಮ್ನೆ ನೋಡಿದರೆ ಸಾಕು.

ಮೊದಮೊದಲು ಎಲ್ಲರೂ ಎಡವುವ ಜಾಗ ಒಂದಿದೆ. ಚಾರ್ಟ್ ತೋರಿಸುವುದು ಬಟ್ಟೆಯ ಮುಂಭಾಗವನ್ನು ಮಾತ್ರ. ಮುಂಭಾಗ ನಿಮ್ಮ ಕಡೆ ಇದ್ದಾಗ ಬಲದಿಂದ ಎಡಕ್ಕೆ ಓದುತ್ತೀರಿ, ಗೆರೆ ಇದ್ದ ಹಾಗೆ ಹೆಣೆಯುತ್ತೀರಿ. ತಿರುಗಿಸಿ ಹಿಂಭಾಗದ ಸಾಲು ಹೆಣೆಯುವಾಗ ಎಡದಿಂದ ಬಲಕ್ಕೆ ಓದಬೇಕು, ಎಲ್ಲವೂ ಉಲ್ಟಾ ಮಾಡಬೇಕು: ನಿಂತ ಗೆರೆ ಕಂಡರೆ ಪರ್ಲ್, ಮಲಗಿದ ಗೆರೆ ಕಂಡರೆ ನಿಟ್. ಹಿಂದೆ ಪರ್ಲ್ ಮಾಡಿದ್ದು ಮುಂದೆ ನಿಟ್ ಆಗಿ ಕಾಣುತ್ತದೆ, ಅಲ್ವಾ? ಅದಕ್ಕೇ. ಸಾಲು ಶುರು ಮಾಡುವ ಮುಂಚೆ ಚಾರ್ಟಿನ ಅಂಚಿನಲ್ಲಿರುವ ಬಾಣದ ಗುರುತು ನೋಡಿ, ಯಾವ ದಿಕ್ಕಿಗೆ ಹೋಗಬೇಕು ಅಂತ ಅದೇ ಹೇಳುತ್ತದೆ.

ಎರಡನೆಯ ಜಾಗ ಖಾಲಿ ಚೌಕ. ನಾನು ಕೆಟ್ಟದ್ದು ಇಲ್ಲೇ. ಜಡೆ ಥರದ ಕೇಬಲ್ ಇರುವ ಒಂದು ಮಫ್ಲರ್ ಶುರು ಮಾಡಿದ್ದೆ. ಖಾಲಿ ಚೌಕ ಅಂದರೆ ನಿಟ್ ಅಂದುಕೊಂಡು ಸುಮಾರು ಒಂದು ಗೇಣು ಹೆಣೆದೆ. ಜಡೆ ಎದ್ದು ಕಾಣಲೇ ಇಲ್ಲ, ಸುತ್ತಲಿನ ಬಟ್ಟೆಯೊಳಗೆ ಮುಳುಗಿಹೋಗಿತ್ತು. ಆಮೇಲೆ ನೋಡಿದರೆ ಚಾರ್ಟಿನ ಕೆಳಗೆ ಮೂಲೆಯಲ್ಲಿ ಪುಟ್ಟದಾಗಿ ಒಂದು ಖಾಲಿ ಚೌಕ, ಸಮ ಚಿಹ್ನೆ, ಮುಂದೆ ಮಲಗಿದ ಗೆರೆ. ಅಂದರೆ ಆ ಚಾರ್ಟಿನಲ್ಲಿ ಖಾಲಿ ಇರುವುದೆಲ್ಲ ಪರ್ಲ್. ಜಾಸ್ತಿ ಬರುವ ಸ್ಟಿಚ್ಚನ್ನು ಗುರುತು ಹಾಕದೆ ಖಾಲಿ ಬಿಡುವುದು ಅವರ ಪದ್ಧತಿ, ಅದು ಯಾವುದು ಅನ್ನೋದು ಚಾರ್ಟಿನಿಂದ ಚಾರ್ಟಿಗೆ ಬದಲಾಗುತ್ತದೆ. ಇಡೀ ಗೇಣು ಬಿಚ್ಚಿದೆ. ನೀವು ದಯವಿಟ್ಟು ಮೊದಲು ಆ ಮೂಲೆ ನೋಡಿ, ಆಮೇಲೆ ಕಡ್ಡಿ ಹಿಡಿಯಿರಿ.

ಈಗ ಕಡ್ಡಿಯ ವಿಷಯ. ನಮ್ಮಲ್ಲಿ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ಬ್ರಿಟಿಷ್ ನಂಬರೇ ನಡೆಯುತ್ತದೆ, ಅದರಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ಸಣ್ಣ. ಜಪಾನಿನಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ದಪ್ಪ. ನಮ್ಮ 10ನೇ ನಂಬರ್ 3.25 ಮಿ.ಮೀ., ಅವರ 10ನೇ ನಂಬರ್ 5.1 ಮಿ.ಮೀ. ಎಷ್ಟು ವ್ಯತ್ಯಾಸ ನೋಡಿ, ಒಂದರ ಬದಲು ಇನ್ನೊಂದು ತೆಗೆದುಕೊಂಡರೆ ಮಗುವಿನ ಸ್ವೆಟರ್ ಅಪ್ಪನಿಗಾಗುತ್ತದೆ. ಜಪಾನಿ ನಂಬರಿನ ಲೆಕ್ಕ ಮಾತ್ರ ಬಹಳ ಚೆನ್ನಾಗಿದೆ: 0 ನಂಬರ್ 2.1 ಮಿ.ಮೀ., ಅಲ್ಲಿಂದ 15ರವರೆಗೆ ಒಂದೊಂದಕ್ಕೂ 0.3 ಸೇರಿಸುತ್ತಾ ಹೋಗುವುದು. 5 ಅಂದರೆ 3.6, 8 ಅಂದರೆ 4.5. ಅಂಗಡಿಗೆ ಹೋದಾಗ ನಂಬರ್ ಕೇಳಬೇಡಿ, ಮಿಲಿಮೀಟರ್ ಕೇಳಿ.

ಪದಗಳಲ್ಲಿ ನಾಲ್ಕು ಗೊತ್ತಿದ್ದರೆ ಸಾಕು. ಸ್ಟಿಚ್ಚಿಗೆ ಅವರು 'ಮೆ' ಅನ್ನುತ್ತಾರೆ, ಕಣ್ಣು ಅನ್ನುವುದಕ್ಕೂ ಅದೇ ಪದ, ಅದೇ ಅಕ್ಷರ. ಮೊಬೈಲ್ ಕ್ಯಾಮೆರಾದಲ್ಲಿ ಅನುವಾದ ಮಾಡಿಸಿದಾಗ '24 ಕಣ್ಣು' ಅಂತ ಬಂದರೆ ಗಾಬರಿಯಾಗಬೇಡಿ, ಅದು 24 ಸ್ಟಿಚ್. ಸಾಲಿಗೆ 'ದಾನ್'. ನಿಟ್‌ಗೆ 'ಒಮೊತೆ ಮೆ', ಅಂದರೆ ಮುಂಭಾಗದ ಕಣ್ಣು. ಪರ್ಲ್‌ಗೆ 'ಉರಾ ಮೆ', ಹಿಂಭಾಗದ ಕಣ್ಣು. ಇನ್ನೊಂದು ಪದ ಕೆಲಸಕ್ಕಲ್ಲ, ಚೆಂದಕ್ಕೆ ಹೇಳುತ್ತೇನೆ. ಒಂದು ಸಾಲು ನಿಟ್ ಒಂದು ಸಾಲು ಪರ್ಲ್ ಹಾಕಿ ಹೆಣೆಯುವ ಸಾದಾ ಬಟ್ಟೆಗೆ ಅವರು 'ಮೆರಿಯಾಸು' ಅನ್ನುತ್ತಾರೆ. ಅದು ಜಪಾನಿ ಪದವೇ ಅಲ್ಲ, ಕಾಲುಚೀಲಕ್ಕಿರುವ ಪೋರ್ಚುಗೀಸ್, ಸ್ಪ್ಯಾನಿಷ್ ಪದಗಳಿಂದ ಬಂದದ್ದು. ನಮ್ಮಲ್ಲಿ ಅನಾನಸ್, ಪಾದ್ರಿ ಬಂದ ಹಾಗೆ ಅಲ್ಲಿಗೆ ಹಡಗಿನಲ್ಲಿ ಕಾಲುಚೀಲ ಬಂತು. ಅದನ್ನು ಬರೆಯುವುದಕ್ಕೆ ಅವರು ಆರಿಸಿಕೊಂಡ ಅಕ್ಷರಗಳ ಅರ್ಥ 'ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ' ಅಂತ. ಎಳೆದರೆ ಹಿಗ್ಗುವ ಬಟ್ಟೆ, ಯಾರ ಕಾಲಿಗಾದರೂ ಆಗುತ್ತದೆ!

ಸ್ವೆಟರ್ ಆದರೆ ಚಾರ್ಟಿನ ಜೊತೆ ಇನ್ನೊಂದು ಚಿತ್ರ ಇರುತ್ತದೆ, ಮುಂಭಾಗ, ಹಿಂಭಾಗ, ತೋಳು ಅಂತ ಬಿಡಿಬಿಡಿಯಾಗಿ, ಸೆಂಟಿಮೀಟರ್, ಸ್ಟಿಚ್, ಸಾಲು ಮೂರೂ ಬರೆದು. ಕಂಕುಳಿನ ಹತ್ತಿರ 2-1-3 ಥರದ ಅಂಕಿಗಳು ಕಾಣುತ್ತವೆ. ಪ್ರತಿ 2 ಸಾಲಿಗೊಮ್ಮೆ, 1 ಸ್ಟಿಚ್ ಕಡಿಮೆ ಮಾಡಿ, ಹೀಗೆ 3 ಸಲ ಅಂತ ಅರ್ಥ. ಇಂಥವು ಒಂದರ ಮೇಲೊಂದು ಇದ್ದರೆ ಕೆಳಗಿನಿಂದ ಮೇಲಕ್ಕೆ ಓದಬೇಕು, ಯಾಕೆಂದರೆ ಬಟ್ಟೆ ಬೆಳೆಯುವುದೂ ಹಾಗೇ. '15 ಚುಕ್ಕಿ, 8ರವರೆಗೆ, ಮಧ್ಯ ಚುಕ್ಕಿ' ಅಂತ ಬರೆದಿದ್ದರೆ ಇಡೀ ರಂಗೋಲಿ ಬಿಡಿಸುವ ಕೈಗಳಿಗೆ ಇದೇನು ಹೊಸದಲ್ಲ. ಹೆಚ್ಚಿನ ಜಪಾನಿ ಪ್ಯಾಟರ್ನ್‌ಗಳು ಒಂದೇ ಅಳತೆಯಲ್ಲಿ ಬರುತ್ತವೆ ಅನ್ನುವುದು ಮಾತ್ರ ನಿಜವಾದ ತೊಂದರೆ. ನಮ್ಮ ಮೈಗೆ ತಕ್ಕ ಹಾಗೆ ಹಿಗ್ಗಿಸುವ ಲೆಕ್ಕ ನಾವೇ ಹಾಕಬೇಕು, ಅದಕ್ಕೇ ಶುರುವಿಗೆ ಮಫ್ಲರ್ ಅಥವಾ ಶಾಲು ಒಳ್ಳೆಯದು.

ಡಿಸೈನ್ ಹುಡುಕುತ್ತಿದ್ದರೆ ಜಪಾನಿನ ನಿಟ್ಟಿಂಗ್ ಡಿಸೈನರ್ ಹಿತೋಮಿ ಶಿದಾ ಅವರ ಹೆಸರು ನೆನಪಿಟ್ಟುಕೊಳ್ಳಿ. ಅವರ 260 ವಿನ್ಯಾಸಗಳ ಒಂದು ಸಂಗ್ರಹ 2017ರಲ್ಲಿ ಇಂಗ್ಲಿಷಿನಲ್ಲೂ ಬಂದಿದೆ, ಗುರುತುಗಳು ಅವೇ, ವಿವರಣೆ ಇಂಗ್ಲಿಷಿನಲ್ಲಿ. ಜಾಲರಿಯ ಪಕ್ಕದಲ್ಲೇ ಕೇಬಲ್, ಕೇಬಲಿನ ಹೊಟ್ಟೆಯಲ್ಲಿ ಪುಟ್ಟ ಗುಂಡು, ಬಳ್ಳಿಯ ಹಾಗೆ ಅತ್ತಿತ್ತ ಹರಿಯುವ ತಿರುಚಿದ ಸ್ಟಿಚ್, ಇವನ್ನೆಲ್ಲ ಒಂದೇ ವಿನ್ಯಾಸದಲ್ಲಿ ಕೂರಿಸುವುದು ಅವರ ಕೈಚಳಕ. ನೋಡ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಅಲ್ಲಿಗೆ ಹೋಗುವ ಮುಂಚೆ ಇದೊಂದನ್ನು ಇವತ್ತೇ ಹೆಣೆದು ನೋಡಿ. ಜಪಾನಿ ಚಾರ್ಟ್‌ಗಳಲ್ಲಿ ತುಂಬ ಕಾಣುವ ಗಂಟು ಸ್ಟಿಚ್ ಇದು. ಚಾರ್ಟಿನಲ್ಲಿ ಮೂರು ಚೌಕ ಸೇರಿಸಿ ಒಂದು ಗೆರೆ ಬಳಸಿರುತ್ತದೆ, ಒಳಗೆ ನಿಂತ ಗೆರೆ, ಸೊನ್ನೆ, ನಿಂತ ಗೆರೆ. 22 ಸ್ಟಿಚ್ ಹಾಕಿಕೊಳ್ಳಿ. ಮೊದಲ ಸಾಲು 2 ಪರ್ಲ್, 3 ನಿಟ್ ಅಂತ ನಾಲ್ಕು ಸಲ, ಕೊನೆಗೆ 2 ಪರ್ಲ್. ಎರಡನೆಯ ಸಾಲು 2 ನಿಟ್, 3 ಪರ್ಲ್ ಅಂತ ನಾಲ್ಕು ಸಲ, ಕೊನೆಗೆ 2 ನಿಟ್. ಮೂರನೆಯ ಸಾಲಿನಲ್ಲಿ 2 ಪರ್ಲ್ ಆದಮೇಲೆ ನಿಲ್ಲಿ. ಎಡಗಡ್ಡಿಯ ಮೂರನೆಯ ಕುಣಿಕೆಗೆ ಬಲಗಡ್ಡಿ ತೂರಿಸಿ, ಅದನ್ನು ಎತ್ತಿ ಮೊದಲ ಎರಡರ ಮೇಲಿಂದ ದಾಟಿಸಿ ಕಡ್ಡಿಯಿಂದ ಕೆಳಗೆ ಬಿಡಿ. ಈಗ ಎರಡೇ ಉಳಿದವು. ಒಂದು ನಿಟ್ ಮಾಡಿ, ನೂಲು ಸುತ್ತಿ, ಇನ್ನೊಂದು ನಿಟ್ ಮಾಡಿ, ಮತ್ತೆ ಮೂರಾದವು. ಸಾಲಿನ ಕೊನೆಯವರೆಗೆ ಹೀಗೇ, ಕೊನೆಯ 2 ಪರ್ಲ್. ನಾಲ್ಕನೆಯ ಸಾಲು ಎರಡನೆಯದರ ಹಾಗೇ, ಸುತ್ತಿದ ನೂಲನ್ನೂ ಒಂದು ಸ್ಟಿಚ್ ಅಂತ ಪರ್ಲ್ ಮಾಡಿ. ಈ ನಾಲ್ಕು ಸಾಲನ್ನು ಐದಾರು ಸಲ ಹೆಣೆದು, ಬಟ್ಟೆಯನ್ನು ಅಡ್ಡಕ್ಕೆ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯಿರಿ. ದಾಟಿಸಿದ ಕುಣಿಕೆ ಸೊಂಟಪಟ್ಟಿಯ ಹಾಗೆ ಎರಡು ಸ್ಟಿಚ್ಚನ್ನು ಬಿಗಿದು ನಿಂತಿರುತ್ತದೆ, ಅದರ ಮೇಲೆ ಒಂದು ಪುಟ್ಟ ತೂತು.